ಕಮ್ಮಾರರ ಕತ್ತಿ ಒಡೆಯಲ್ಲ, ನನ್ನದೇಕೆ ಒಡೆಯಿತು?

ಮನೆಯಲ್ಲೇ ಚಾಕು, ಕತ್ತಿ ಮಾಡುವ ಹವ್ಯಾಸ ಇರುವವರ ಪ್ರಶ್ನೆಗಳಲ್ಲಿ ಹೆಚ್ಚಿನವು ಹದ ಹಾಕುವುದರ (ಉಕ್ಕನ್ನು ಕಾಯಿಸಿ, ತಣಿಸಿ ಬೇಕಾದಷ್ಟು ಗಡಸು ಮಾಡುವುದರ) ಬಗ್ಗೆಯೇ ಇವೆ. ಒಂದೇ ಥರದವನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಮಾಡಿದೆ. ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ ಬಕೆಟ್ ನೀರಿಗೆ ಅದ್ದಿದೆ. ‘ಟಿಣ್’ ಅಂತ ಸದ್ದು ಬಂತು. ತೆಗೆದು ನೋಡಿದರೆ ಬಾಯಿಯಿಂದ ಮೇಲಕ್ಕೆ ಬಿರುಕು. ನಮ್ಮೂರ ಕಮ್ಮಾರರು ಇಂಥದೇ ಪ್ಲೇಟನ್ನು ನೀರಿಗೇ ಹಾಕುತ್ತಾರೆ, ಅವರದು ಒಡೆಯುವುದಿಲ್ಲ. ನಾನೆಲ್ಲಿ ಎಡವಿದೆ? (ಶಿರಸಿಯ ಓದುಗರು)

ಉತ್ತರ: ಕಮ್ಮಾರರ ಕೈಯನ್ನು ಇನ್ನೊಮ್ಮೆ ಗಮನಿಸಿ. ಹೆಚ್ಚಿನವರು ಇಡೀ ಕತ್ತಿಯನ್ನು ಮುಳುಗಿಸುವುದಿಲ್ಲ. ಬಾಯಿ ಕಡೆಯ ಒಂದು ಬೆರಳಗಲವನ್ನಷ್ಟೇ ನೀರಿಗೆ ತಾಗಿಸುತ್ತಾರೆ. ಬೆನ್ನು ಇನ್ನೂ ಕಾದೇ ಇರುತ್ತದೆ. ಹೊರಗೆ ತೆಗೆದು, ಬಾಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ ನೋಡುತ್ತಾ ನಿಲ್ಲುತ್ತಾರೆ. ಬೆನ್ನಿನ ಬಿಸಿ ನಿಧಾನವಾಗಿ ಕೆಳಗಿಳಿಯುತ್ತದೆ. ಅದರ ಜೊತೆ ಹಳದಿ, ಕಂದು, ನೇರಳೆ ಬಣ್ಣಗಳು ಸಾಲಾಗಿ ಬಾಯಿಯತ್ತ ಬರುತ್ತವೆ. ಬೇಕಾದ ಬಣ್ಣ ಬಾಯಿ ಮುಟ್ಟಿದ ತಕ್ಷಣ ಪೂರ್ತಿ ಅದ್ದಿಬಿಡುತ್ತಾರೆ. ಗಡಸು ಏರಿಸುವುದು, ಏರಿದ್ದರಲ್ಲಿ ಸ್ವಲ್ಪ ಇಳಿಸುವುದು, ಎರಡೂ ಒಂದೇ ಕಾವಿನಲ್ಲಿ ಮುಗಿಯಿತು. ನೀವು ಮೊದಲ ಕೆಲಸವನ್ನಷ್ಟೇ ಮಾಡಿದ್ದೀರಿ, ಅದೂ ಇಡೀ ಅಲಗಿಗೆ.

ಕಾದ ಉಕ್ಕು ಬೇಗ ತಣಿದಾಗ ಅದರ ಒಳರಚನೆ ಬದಲಾಗಿ ಮಾರ್ಟೆನ್‌ಸೈಟ್ ಎಂಬ ತುಂಬ ಗಡಸು ರೂಪ ಆಗುತ್ತದೆ. ಆ ಗಳಿಗೆಯಲ್ಲಿ ಉಕ್ಕು ಸ್ವಲ್ಪ ಹಿಗ್ಗುತ್ತದೆ. ತೆಳು ಬಾಯಿ ಮೊದಲು ಹಿಗ್ಗಿ ಗಟ್ಟಿಯಾಗುತ್ತದೆ, ದಪ್ಪ ಬೆನ್ನು ಆಮೇಲೆ. ಮೊದಲೇ ಗಟ್ಟಿಯಾದ ಕಡೆಗೆ ಈ ಎಳೆದಾಟ ತಡೆಯಲು ಆಗುವುದಿಲ್ಲ. ನಿಮಗೆ ಕೇಳಿಸಿದ ಸದ್ದು ಅದೇ.

ಲಾರಿ, ಜೀಪುಗಳ ಪ್ಲೇಟು ಸಾಮಾನ್ಯವಾಗಿ ಇಎನ್ 45, ಇಎನ್ 47 ಅಥವಾ ಎಸ್‌ಯುಪಿ 9 ಜಾತಿಯ ಉಕ್ಕು. ಇಂಗಾಲ ಶೇ 0.5ರಿಂದ 0.6ರ ಆಸುಪಾಸು. ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಇವು ಇರುವುದರಿಂದ ಅದು ನಿಧಾನವಾಗಿ ತಣಿದರೂ ಗಡಸಾಗುತ್ತದೆ. ಅಂದಮೇಲೆ ನೀರಿನ ಅವಸರ ಅದಕ್ಕೆ ಬೇಡವೇ ಬೇಡ. ಎಣ್ಣೆ ಸಾಕು.

ಸೂರ್ಯಕಾಂತಿ, ಶೇಂಗಾ, ಯಾವ ಅಡುಗೆ ಎಣ್ಣೆಯಾದರೂ ಆಗುತ್ತದೆ. ನಾಲ್ಕೈದು ಲೀಟರ್ ಇರಲಿ. ಎಣ್ಣೆ 50ರಿಂದ 60 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು. ತಣ್ಣನೆಯ ಎಣ್ಣೆ ಮಂದವಾಗಿರುತ್ತದೆ, ಅಲಗಿನ ಸುತ್ತ ಸರಿಯಾಗಿ ಹರಿಯುವುದಿಲ್ಲ. ಕಬ್ಬಿಣದ ತುಂಡೊಂದನ್ನು ಕಾಯಿಸಿ ಅದ್ದಿದರೆ ಎಣ್ಣೆ ಬೆಚ್ಚಗಾಗುತ್ತದೆ.

ಈಗ ನಿಜವಾಗಿ ಕಷ್ಟದ ಭಾಗ: ಎಷ್ಟು ಕಾಯಿಸಬೇಕು? ‘ಕೆಂಪಗೆ’ ಅನ್ನುವುದು ಅಳತೆಯೇ ಅಲ್ಲ. ಬಿಸಿಲಲ್ಲಿ ಮಂಕಾಗಿ ಕಾಣುವ ಕೆಂಪು ಕತ್ತಲೆಯಲ್ಲಿ ಝಗಝಗಿಸುತ್ತದೆ. ಕುಲುಮೆ ಮಬ್ಬುಗತ್ತಲಲ್ಲಿ ಇರುವುದು ಸುಮ್ನೆ ಅಲ್ಲ. ಸಂಜೆ ಮೇಲೆ ಕೆಲಸ ಇಟ್ಟುಕೊಳ್ಳಿ. ಉಕ್ಕು ಸುಮಾರು 770 ಡಿಗ್ರಿಗೆ ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬಹಳ ಮಂದಿ ಅಲ್ಲಿಗೇ ನಿಲ್ಲಿಸಿ ಅದ್ದುತ್ತಾರೆ, ಹದ ಅರೆಬರೆ ಆಗುತ್ತದೆ. ಸ್ಪ್ರಿಂಗ್ ಪ್ಲೇಟಿಗೆ 830ರಿಂದ 860 ಬೇಕು.

ದುಡ್ಡಿಲ್ಲದ ಒಂದು ಉಪಾಯ ಇದೆ. ಅಡುಗೆ ಉಪ್ಪು 801 ಡಿಗ್ರಿಗೆ ಕರಗುತ್ತದೆ. ಕಾದ ಅಲಗಿನ ಮೇಲೆ ನಾಲ್ಕು ಕಾಳು ಉದುರಿಸಿ. ಉಪ್ಪು ಕರಗಿ ಹರಿಯಿತು ಅಂದರೆ 800 ದಾಟಿತು ಅಂತ ಅರ್ಥ. ಅಲ್ಲಿಂದ ಬಣ್ಣ ಒಂದು ಛಾಯೆ ಬೆಳಗಲಿ, ಸಾಕು. ಕತ್ತಲಲ್ಲಿ ಇನ್ನೊಂದು ಗುರುತೂ ಸಿಗುತ್ತದೆ. ಅಲಗು ಕಾಯುತ್ತಿದ್ದಂತೆ ಕೆಂಪಿನೊಳಗೆ ಕಪ್ಪು ನೆರಳುಗಳು ಸರಿದಾಡುತ್ತವೆ. ಒಳರಚನೆ ಬದಲಾಗುವಾಗ ಉಕ್ಕು ಬಿಸಿಯನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಆ ಜಾಗ ಮಂಕಾಗಿ ಕಾಣುವುದು. ನೆರಳು ಪೂರ್ತಿ ಮಾಯವಾದರೆ ಅಲಗೆಲ್ಲ ಬದಲಾಗಿದೆ ಎಂದು ತಿಳಿಯಿರಿ. ಒಮ್ಮೆ ಇದನ್ನು ಕಂಡವರು ಆಮೇಲೆ ಆಯಸ್ಕಾಂತ ಹುಡುಕುವುದು ಕಡಿಮೆ. ಕೈಯಲ್ಲಿ ಕಾಸಿದ್ದರೆ ಕೆ ಟೈಪ್ ಥರ್ಮೋಕಪಲ್ (ಜೋರು ಕಾವು ಅಳೆಯುವ ಸಾಧನ) ತಗೊಳ್ಳಿ, ದುಬಾರಿಯಲ್ಲ.

ಇದ್ದಿಲ ಒಲೆಯಲ್ಲಿ ತುದಿ ಬಿಳಿಚಿ ಹಿಡಿಯ ಕಡೆ ಕಪ್ಪಾಗೇ ಉಳಿಯುವುದು ಮಾಮೂಲು. ಒಲೆಯೊಳಗೆ ದಪ್ಪ ಕಬ್ಬಿಣದ ಚೌಕ ಪೈಪೊಂದನ್ನು ಮಲಗಿಸಿ, ಅದರೊಳಗೆ ಅಲಗು ಇಡಿ. ಬಿಸಿ ಸಮವಾಗುತ್ತದೆ, ಗಾಳಿಯೂ ನೇರವಾಗಿ ಬಡಿಯುವುದಿಲ್ಲ. ಸತು ಲೇಪಿಸಿದ ಜಿಐ ಪೈಪು ಮಾತ್ರ ಬೇಡ. ಅದರ ಹೊಗೆ ಜ್ವರ ಬರಿಸುತ್ತದೆ.

ಅಂತಿಮ ಕಾವಿಗೆ ಮೊದಲು ಮೂರು ಸಲ ಕಾಯಿಸಿ ಗಾಳಿಯಲ್ಲಿ ತಾನಾಗಿ ಕಪ್ಪಾಗಲು ಬಿಡಿ. ಪ್ರತಿ ಸಲ ಮೊದಲಿಗಿಂತ ಸ್ವಲ್ಪ ಕಡಿಮೆ ಕಾವು. ಬಡಿದಾಗ ಸೇರಿಕೊಂಡ ಬಿಗುವು ಸಡಿಲುತ್ತದೆ, ಉಕ್ಕಿನ ಕಣ ಸಣ್ಣದಾಗುತ್ತದೆ. ಒಡೆದ ನಿಮ್ಮ ಕತ್ತಿಯನ್ನು ಎಸೆಯಬೇಡಿ. ಬಿರುಕಿನ ಬಳಿ ಪೂರ್ತಿ ಮುರಿದು ಮುರಿದ ಮುಖ ನೋಡಿ. ಸಕ್ಕರೆಯಂತೆ ಹೊಳೆಯುವ ಕಾಳು ಕಂಡರೆ ಅತಿಯಾಗಿ ಕಾದಿದೆ. ಬೂದು ಬಣ್ಣದಲ್ಲಿ ನುಣ್ಣಗಿದ್ದರೆ ಕಾವು ಸರಿಯಿತ್ತು, ತಪ್ಪು ನೀರಿನದು. ಮುರಿದ ಮುಖದಲ್ಲಿ ಒಂದು ಕಡೆ ಮೊದಲೇ ತುಕ್ಕು ಹಿಡಿದ ಕಲೆ ಇದ್ದರೆ? ಆ ಬಿರುಕು ಲಾರಿಯಲ್ಲೇ ಹುಟ್ಟಿದ್ದು. ವರ್ಷಗಟ್ಟಲೆ ಬಳುಕಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಸೀಳು ಇರುವುದು ಅಪರೂಪವೇನಲ್ಲ. ಗುಜರಿ ಪ್ಲೇಟು ಅಗ್ಗ ನಿಜ, ಆದರೆ ನನ್ನ ಸಲಹೆ ಕೇಳಿದರೆ ಹೊಸ ಪಟ್ಟಿಯನ್ನು ಟೆಸ್ಟ್ ಸರ್ಟಿಫಿಕೇಟ್ ಸಮೇತ ಕೊಳ್ಳಿ. ಯಾವ ಉಕ್ಕು ಅಂತಲೇ ಗೊತ್ತಿಲ್ಲದಿದ್ದರೆ ಮೇಲೆ ಹೇಳಿದ ಡಿಗ್ರಿಗಳಿಗೆಲ್ಲ ಏನರ್ಥ, ಅಲ್ವಾ?

ಪ್ರಶ್ನೆ: ಎಣ್ಣೆಯಲ್ಲೇ ಅದ್ದಿದೆ. ಅರ ಹಾಕಿದರೆ ಜಾರುತ್ತದೆ, ಅಂದರೆ ಗಡಸಾಗಿದೆ. ಆಮೇಲೆ ಓಟಿಜಿಯಲ್ಲಿ (ಕೇಕ್ ಬೇಯಿಸುವ ಕರೆಂಟ್ ಓವನ್) 150 ಡಿಗ್ರಿಗೆ ಅರ್ಧ ಗಂಟೆ ಇಟ್ಟೆ. ಆದರೂ ಎಳನೀರು ಕೆತ್ತುವಾಗ ಬಾಯಿ ಚಕ್ಕೆ ಚಕ್ಕೆಯಾಗಿ ಹಾರುತ್ತಿದೆ. (ಮಂಡ್ಯದ ಓದುಗರು)

ಉತ್ತರ: 150ಕ್ಕೆ ಅರ್ಧ ಗಂಟೆ ಇಟ್ಟರೆ ಉಕ್ಕಿಗೆ ಹೆಚ್ಚೇನೂ ಆಗುವುದಿಲ್ಲ. ತರಕಾರಿ ಚಾಕುವಿಗೆ 200 ಡಿಗ್ರಿಯಲ್ಲಿ ಎರಡು ಗಂಟೆ ಇಡಿ. ಪೂರ್ತಿ ತಣಿಯಲು ಬಿಟ್ಟು ಮತ್ತೆ ಎರಡು ಗಂಟೆ. ಎಳನೀರಿನ ಕತ್ತಿ ಏಟು ತಿನ್ನುವಂಥದ್ದು, ಅದಕ್ಕೆ 230ರಿಂದ 250 ಬೇಕು. ಗಡಸು ಸ್ವಲ್ಪ ಇಳಿಯುತ್ತದೆ, ಹಾಗಾಗಿ ಸಾಣೆ ಜಾಸ್ತಿ ಸಲ ಹಿಡಿಯಬೇಕಾದೀತು. ಚಕ್ಕೆ ಹಾರುವುದಕ್ಕಿಂತ ಅದು ವಾಸಿ. ನಿಮ್ಮ ಕತ್ತಿಯನ್ನು ಮತ್ತೆ ಕೆಂಪಗೆ ಕಾಯಿಸುವ ಅಗತ್ಯ ಇಲ್ಲ. ಈಗಲೇ ಓಟಿಜಿಗೆ ಹಾಕಿ, ಚಕ್ಕೆ ಹಾರಿದಷ್ಟನ್ನು ಉಜ್ಜಿ ತೆಗೆಯಿರಿ.

ಓಟಿಜಿಯ ಗುಂಡಿಯನ್ನು ನಂಬಬೇಡಿ. 200 ಅಂತ ತೋರಿಸುತ್ತಾ ಒಳಗೆ 20 ಡಿಗ್ರಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಓವನ್ ಥರ್ಮಾಮೀಟರ್ ಒಂದನ್ನು ಒಳಗಿಡಿ. ತಟ್ಟೆಯಲ್ಲಿ ಒಣ ಮರಳು ತುಂಬಿ, ಮೊದಲು ಅದನ್ನು ಬಿಸಿ ಮಾಡಿ, ಅದರಲ್ಲಿ ಅಲಗನ್ನು ಹೂತಿಟ್ಟರೆ ಏರಿಳಿತ ತಗ್ಗುತ್ತದೆ. ಅಲಗನ್ನು ಸೋಪು ಹಾಕಿ ತೊಳೆದು ಒರೆಸಿಯೇ ಒಳಗಿಡಿ. ಇಲ್ಲದಿದ್ದರೆ ಸುಟ್ಟೆಣ್ಣೆಯ ವಾಸನೆ ಮುಂದಿನ ಕೇಕಿಗೂ ಬರುತ್ತದೆ, ಮನೆಯವರ ಮಾತು ನೀವೇ ಕೇಳಬೇಕು.

ಕೆಲವರು ‘ನೀಲಿ ಬಣ್ಣ ಬರುವ ತನಕ ಕಾಯಿಸಿ’ ಅನ್ನುತ್ತಾರೆ. ನೀಲಿ ಅಂದರೆ 300ರ ಹತ್ತಿರ. ಸುಮಾರು 260ರಿಂದ 370ರ ನಡುವೆ ಅನೇಕ ಉಕ್ಕುಗಳು ಗಡಸನ್ನೂ ಕಳೆದುಕೊಂಡು ಸುಲಭವಾಗಿ ಮುರಿಯುವಂತೆಯೂ ಆಗುತ್ತವೆ. ಬಾಯಿಗೆ ಆ ಕಾವು ಬೇಡ.

ಇನ್ನೊಂದು ಮಾತು. ಅದ್ದಿದ ಅಲಗು ಕೈಯಲ್ಲಿ ಹಿಡಿಯುವಷ್ಟು ತಣಿದ ಕೂಡಲೇ ಓಟಿಜಿಗೆ ಹೋಗಬೇಕು. ‘ನಾಳೆ ನೋಡಿದರಾಯಿತು’ ಅಂತ ಮೇಜಿನ ಮೇಲೆ ಬಿಟ್ಟ ಅಲಗು ರಾತ್ರಿ ತಾನಾಗಿ ಸೀಳಬಹುದು.

ಹದ ಸರಿಯಾಗಿದೆಯಾ ಎಂದು ನೋಡಲು ಹಿತ್ತಾಳೆ ಸರಳು ಸಾಕು. ಹರಿತ ಮಾಡಿದ ಬಾಯನ್ನು ಸರಳಿಗೆ ಓರೆಯಾಗಿ ಒತ್ತಿ ಎಳೆಯಿರಿ. ಬಾಯಿ ಸ್ವಲ್ಪ ಬಾಗಿ ಮತ್ತೆ ನೆಟ್ಟಗಾದರೆ ಹದ ಸರಿ. ಬಾಗಿದ್ದು ಬಾಗೇ ಉಳಿದರೆ ಮೆದು. ಚಕ್ಕೆ ಹಾರಿದರೆ ಇನ್ನೂ 15 ಡಿಗ್ರಿ ಜಾಸ್ತಿ ಇಟ್ಟು ನೋಡಿ.

ಪ್ರಶ್ನೆ: ಹಾರ್ಡ್‌ವೇರ್ ಅಂಗಡಿಯ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಮೆದು ಉಕ್ಕು) ಪಟ್ಟಿಯನ್ನು ಎಷ್ಟು ಸಲ ಅದ್ದಿದರೂ ಗಡಸಾಗುತ್ತಿಲ್ಲ. (ಹುಬ್ಬಳ್ಳಿ)

ಉತ್ತರ: ಆಗುವುದೂ ಇಲ್ಲ. ಗಡಸು ಬರುವುದು ಇಂಗಾಲದಿಂದ, ಈ ಪಟ್ಟಿಯಲ್ಲಿ ಅದು ಶೇ 0.2ರಷ್ಟು ಮಾತ್ರ. ಟಿಎಂಟಿ ಕಂಬಿಯ ಕಥೆಯೂ ಇದೇ. ಆ ಪಟ್ಟಿಯಿಂದ ಗೇಟಿಗೆ ಚಿಲಕ ಮಾಡಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಇಲ್ಲಿ 1084 ಎಂಬ ಹೆಚ್ಚು ಇಂಗಾಲದ ಉಕ್ಕು ಸುಲಭವಾಗಿ ಸಿಗುತ್ತದೆ. ಹೊಸಬರಿಗೆ ಆಗುತ್ತದಾ? (ಟೆಕ್ಸಸ್‌ನ ಓದುಗರು)

ಉತ್ತರ: ಕಲಿಯಲು ಅದಕ್ಕಿಂತ ಒಳ್ಳೆಯದು ಕಷ್ಟ. 815 ಡಿಗ್ರಿ, ಬೆಚ್ಚಗಿನ ಕೆನೋಲಾ ಎಣ್ಣೆ, 200ರಲ್ಲಿ ಎರಡು ಸಲ ಎರಡೆರಡು ಗಂಟೆ. ಒಲೆಯಿಂದ ಎಣ್ಣೆಗೆ ಅಲಗು ಒಂದೆರಡು ಸೆಕೆಂಡಿನಲ್ಲಿ ಹೋಗಬೇಕು, ಇದಕ್ಕೆ ಸ್ಪ್ರಿಂಗ್ ಪ್ಲೇಟಿನಷ್ಟು ಸಮಯ ಸಿಗುವುದಿಲ್ಲ.

ಪ್ರಶ್ನೆ: ಅದ್ದಿದ ಮೇಲೆ ಅಲಗು ಸೊಟ್ಟಗಾಗುತ್ತದೆ. ಸುತ್ತಿಗೆಯಲ್ಲಿ ಬಡಿದೆ, ಎರಡು ತುಂಡಾಯಿತು. (ದಾವಣಗೆರೆ)

ಉತ್ತರ: ಬಡಿಯಲೇಬಾರದು. ಸೊಟ್ಟಗಾಗಲು ಕಾರಣ ಹೆಚ್ಚಾಗಿ ಮೂರರಲ್ಲಿ ಒಂದು. ಎರಡೂ ಬದಿ ಸಮವಾಗಿ ಉಜ್ಜಿರುವುದಿಲ್ಲ, ಒಂದು ಬದಿ ಜಾಸ್ತಿ ಕಾದಿರುತ್ತದೆ, ಇಲ್ಲವೇ ಎಣ್ಣೆಯಲ್ಲಿ ಅಲಗನ್ನು ಅಡ್ಡಡ್ಡ ಆಡಿಸಿರುತ್ತೀರಿ. ಮೊನೆ ಕೆಳಗೆ ಮಾಡಿ ನೇರವಾಗಿ ಇಳಿಸಿ. ಆಡಿಸುವುದಿದ್ದರೆ ಬಾಯಿಯಿಂದ ಬೆನ್ನಿನ ದಿಕ್ಕಿಗೆ ಮಾತ್ರ. ಬಾಯನ್ನು ಮೊದಲೇ ಕಾಗದದಷ್ಟು ತೆಳ್ಳಗೆ ಮಾಡಬೇಡಿ, ಒಂದು ಮಿಲಿಮೀಟರಿನಷ್ಟಾದರೂ ದಪ್ಪ ಇರಲಿ.

ಎಣ್ಣೆಯಲ್ಲಿ ಹತ್ತು ಸೆಕೆಂಡಿನ ಆಸುಪಾಸು ಕಳೆದಾಗ ಉಕ್ಕು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಆಗ ಹೊರತೆಗೆದು ದಪ್ಪ ಚರ್ಮದ ಕೈಗವಸು ಹಾಕಿ ನೆಟ್ಟಗೆ ಮಾಡಬಹುದು. ಕೈಗೆ ಬಿಗಿ ಹತ್ತಿತು ಅನ್ನಿಸಿದ ತಕ್ಷಣ ನಿಲ್ಲಿಸಿ. ಆ ಗಳಿಗೆ ತಪ್ಪಿದರೂ ಉಪಾಯ ಇದೆ. ದಪ್ಪ ಕಬ್ಬಿಣದ ಪಟ್ಟಿಗೆ ಅಲಗನ್ನು ಕ್ಲ್ಯಾಂಪ್ ಮಾಡಿ. ಸೊಟ್ಟದ ಕೆಳಗೆ ಒಂದು ನಾಣ್ಯ ಇಟ್ಟು, ಸೊಟ್ಟ ಇನ್ನೊಂದು ದಿಕ್ಕಿಗೆ ಸ್ವಲ್ಪ ಬಾಗುವಂತೆ ಬಿಗಿಯಿರಿ. ಹಾಗೇ ಓಟಿಜಿಗೆ ಎರಡನೇ ಸಲ ಹಾಕುವಾಗ ಇಡಿ. ತಣಿದ ಮೇಲೆ ತೆಗೆಯಿರಿ.

ಪ್ರಶ್ನೆ: ಗ್ಯಾರೇಜಿನಲ್ಲಿ ಹಳೇ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ. ಬಳಸಬಹುದಾ? (ತುಮಕೂರು)

ಉತ್ತರ: ಗಡಸೇನೋ ಆಗುತ್ತದೆ. ಆದರೆ ಅದರ ಹೊಗೆಯಲ್ಲಿ ಎಂಜಿನ್ನಿನ ಲೋಹದ ಪುಡಿ, ಕೆಟ್ಟ ರಾಸಾಯನಿಕ ಎಲ್ಲ ನಿಮ್ಮ ಎದೆಗೆ ಹೋಗುತ್ತದೆ. ಕರಿದು ಉಳಿದ ಅಡುಗೆ ಎಣ್ಣೆಯನ್ನೇ ಸೋಸಿ ಬಳಸಿ, ಅದರಲ್ಲಿ ನೀರಿನ ಹನಿ ಮಾತ್ರ ಇರಬಾರದು. ಯಾವ ಎಣ್ಣೆಯಾದರೂ ಅಲಗು ಒಳಗೆ ಹೋಗುವಾಗ ಒಮ್ಮೆ ಬೆಂಕಿ ಹತ್ತುತ್ತದೆ. ಅಲಗನ್ನು ಅರ್ಧಕ್ಕೆ ನಿಲ್ಲಿಸಿದರೆ ಬೆಂಕಿ ಜೋರಾಗುತ್ತದೆ, ಪೂರ್ತಿ ಮುಳುಗಿಸಿದರೆ ಸಾಮಾನ್ಯವಾಗಿ ಆರುತ್ತದೆ. ಪಾತ್ರೆ ಕಬ್ಬಿಣದ್ದೇ ಆಗಿರಲಿ, ಪ್ಲಾಸ್ಟಿಕ್ ಬೇಡ. ಬಿಗಿಯಾಗಿ ಕೂರುವ ಲೋಹದ ಮುಚ್ಚಳ ಕೈಗೆ ಸಿಗುವಂತಿರಲಿ. ಬೆಂಕಿಗೆ ನೀರು ಸುರಿದಿರೋ, ಉರಿಯುವ ಎಣ್ಣೆ ಮನೆಯೆಲ್ಲ ಚಿಮ್ಮುತ್ತದೆ. ಕೆಲಸ ಬಯಲಿನಲ್ಲಿ ಮಾಡಿ, ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬೇಡ. ಈ ಮಾತು ಬೆಂಗಳೂರಿನವರಿಗೆ.

ಪ್ರಶ್ನೆ: ಸ್ಟೇನ್‌ಲೆಸ್ ಚಾಕುವಿಗೆ ಮನೆಯಲ್ಲಿ ಹದ ಹಾಕಬಹುದಾ? (ಬೆಂಗಳೂರು)

ಉತ್ತರ: ಪಾತ್ರೆ ಮಾಡುವ 304 ಆದರೆ ಯಾರೂ ಅದನ್ನು ಕಾಯಿಸಿ ಅದ್ದಿ ಗಡಸು ಮಾಡಲಾರರು. 420, 440ಸಿ ಥರದ ಚಾಕು ಉಕ್ಕಿಗೆ 1000 ಡಿಗ್ರಿ ದಾಟಬೇಕು, ಅದೂ ನಿಖರವಾಗಿ, ಗಾಳಿ ತಾಗದಂತೆ. ಒಲೆಯಲ್ಲಿ ಆಗುವ ಕೆಲಸ ಅಲ್ಲ. ಪೀಣ್ಯದ ಕಡೆ ಹೀಟ್ ಟ್ರೀಟ್‌ಮೆಂಟ್ ಘಟಕಗಳಿವೆ. ಉಕ್ಕಿನ ಹೆಸರು ಬರೆದುಕೊಟ್ಟು, ಎಷ್ಟು ಗಡಸು ಬೇಕೆಂದು ಹೇಳಿ ಮಾಡಿಸಿ. 440ಸಿ ಅಡುಗೆ ಚಾಕುವಿಗೆ ರಾಕ್‌ವೆಲ್ ಸಿ ಎಂಬ ಗಡಸಿನ ಅಳತೆಯಲ್ಲಿ 57ರಿಂದ 59 ಕೇಳಿ.

ಪ್ರಶ್ನೆ: ಹದ ಮುಗಿದ ಮೇಲೆ ಆಂಗಲ್ ಗ್ರೈಂಡರಿನಲ್ಲಿ ಉಜ್ಜುವಾಗ ಮೊನೆ ನೀಲಿಯಾಯಿತು. ಪರವಾಗಿಲ್ಲವಾ? (ಚಿಕ್ಕಮಗಳೂರು)

ಉತ್ತರ: ಆ ನೀಲಿ ಜಾಗದ ಹದ ಹೋಯಿತು. ಬಣ್ಣ ಉಜ್ಜಿ ತೆಗೆದರೆ ನೋಡಲು ಸರಿಯಾಗುತ್ತದೆ ಅಷ್ಟೆ, ಒಳಗಿನ ಮೆದು ಹಾಗೇ ಇರುತ್ತದೆ. ಒಂದೆರಡು ಮಿಲಿಮೀಟರ್ ಆದರೆ ಆ ಮೊನೆಯನ್ನೇ ಉಜ್ಜಿ ಹಾಕಿ, ಆಕಾರ ಸ್ವಲ್ಪ ಗಿಡ್ಡ ಆಗಲಿ. ಅದಕ್ಕಿಂತ ಜಾಸ್ತಿ ಇದ್ದರೆ ಮೂರು ಸಲ ಕಾಯಿಸುವುದರಿಂದ ಹಿಡಿದು ಪೂರ್ತಿ ಹದ ಮತ್ತೆ ಹಾಕಬೇಕು. ಮುಂದಿನ ಸಲ ಕೈಗವಸು ಇಲ್ಲದೆ ಬೆಲ್ಟ್ ಸ್ಯಾಂಡರ್ ಮೇಲೆ ಹಿಡಿಯಿರಿ, ಪಕ್ಕದಲ್ಲಿ ನೀರಿನ ಬಕೆಟ್ ಇರಲಿ. ಬೆರಳಿಗೆ ಬಿಸಿ ತಾಗಿದ ಕೂಡಲೇ ಅದ್ದಿ.