ಮುಚ್ಚಳ ಮುಚ್ಚಿದರೆ ಸಾಕೇ? ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಿಂದಲೇ ಕೆಲಸ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಳ ಮುಚ್ಚಿ ಮಲಗುತ್ತೇನೆ, ಬೆಳಿಗ್ಗೆ ತೆರೆದು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ದಿನಾ ಶಟ್‌ಡೌನ್ ಮಾಡದಿದ್ದರೆ ಯಂತ್ರ ಹಾಳಾಗುತ್ತದೆ ಎಂದು ತಮ್ಮ ಹೆದರಿಸುತ್ತಾನೆ. ನಿಜವೇ? – ಓದುಗರು, ಮೈಸೂರು

ಹಾಳಾಗುವುದಿಲ್ಲ. ಮೇಜಿನ ಮೇಲೇ ಇರುವ, ಚಾರ್ಜರ್‌ಗೆ ಸಿಕ್ಕಿಸಿದ ಲ್ಯಾಪ್‌ಟಾಪನ್ನು ರಾತ್ರಿ ಸ್ಲೀಪ್‌ನಲ್ಲಿ ಬಿಡುವುದರಲ್ಲಿ ತಪ್ಪೇನೂ ಇಲ್ಲ. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿ, ಅಷ್ಟು ಸಾಕು. ಅಪ್‌ಡೇಟ್‌ಗಳು ಪೂರ್ತಿಯಾಗಲು, ಪ್ರೋಗ್ರಾಂಗಳು ಹಿಡಿದುಕೊಂಡು ಬಿಡದೇ ಇರುವ ಮೆಮೊರಿ ಖಾಲಿಯಾಗಲು ಅದು ಬೇಕು.

ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಈ ಮೂರರ ವ್ಯತ್ಯಾಸವೆಲ್ಲ ನಿಮ್ಮ ಕೆಲಸ ಎಲ್ಲಿ ಉಳಿಯುತ್ತದೆ ಎಂಬುದರಲ್ಲಿದೆ. ಸ್ಲೀಪ್‌ನಲ್ಲಿ ಪರದೆ, ಪ್ರೊಸೆಸರ್, ಡಿಸ್ಕ್ ವಿಶ್ರಾಂತಿಗೆ ಹೋದರೂ ತೆರೆದಿಟ್ಟ ಕಡತಗಳೆಲ್ಲ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲೇ ಇರುತ್ತವೆ. ರ‍್ಯಾಮ್ ಎಂದರೆ ತೂತು ಕೊಡವಿದ್ದ ಹಾಗೆ: ಅದರ ಕೋಶಗಳಲ್ಲಿನ ವಿದ್ಯುತ್ ಸೋರುತ್ತಲೇ ಇರುತ್ತದೆ, ಸುಮಾರು 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬದಿದ್ದರೆ ಮಾಹಿತಿ ಅಳಿಸಿಹೋಗುತ್ತದೆ. ಆದ್ದರಿಂದ ಸ್ಲೀಪ್‌ನಲ್ಲಿರುವ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪವೇ ತಿನ್ನುತ್ತಿರುತ್ತದೆ. ಅರ್ಧದಿಂದ ಒಂದು ವ್ಯಾಟ್ ಎಂದು ಹಿಡಿದರೆ, 50 ವ್ಯಾಟ್-ಅವರ್ ಬ್ಯಾಟರಿ ಹತ್ತು ಗಂಟೆಯಲ್ಲಿ ಶೇ 10ರಿಂದ 20ರಷ್ಟು ಇಳಿಯುತ್ತದೆ.

ಹೈಬರ್ನೇಟ್ ಮಾಡಿದಾಗ ರ‍್ಯಾಮ್‌ನಲ್ಲಿ ಇದ್ದದ್ದನ್ನೆಲ್ಲ ಕುಗ್ಗಿಸಿ ಡಿಸ್ಕಿಗೆ ಬರೆದು ಯಂತ್ರ ಆಫ್ ಆಗುತ್ತದೆ. ಮತ್ತೆ ಆನ್ ಮಾಡಿದರೆ ಕಿಟಕಿಗಳೆಲ್ಲ ಇದ್ದ ಹಾಗೇ ತೆರೆದುಕೊಳ್ಳುತ್ತವೆ. ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಇದ್ದರೆ ಇದಕ್ಕೆ ಹಿಡಿಯುವುದು ಕೆಲವೇ ಸೆಕೆಂಡು. ಶಟ್‌ಡೌನ್ ಮಾಡಿದರೆ ತೆರೆದಿದ್ದೆಲ್ಲ ಮುಚ್ಚಿಹೋಗುತ್ತದೆ.

ಮೂರರಲ್ಲಿ ಜನ ಮರೆತಿರುವುದು ಹೈಬರ್ನೇಟ್, ಆದರೆ ಹೆಚ್ಚು ಉಪಯೋಗಕ್ಕೆ ಬರುವುದೂ ಅದೇ. ಊಟ, ಮೀಟಿಂಗ್, ಮನೆಯಲ್ಲಿ ಕಳೆಯುವ ರಾತ್ರಿಗೆ ಸ್ಲೀಪ್ ಇರಲಿ. ಲ್ಯಾಪ್‌ಟಾಪ್ ಬ್ಯಾಗಿಗೆ ಹೋಗುವುದಾದರೆ, ಅಥವಾ ಒಂದೆರಡು ದಿನ ಮುಟ್ಟುವುದಿಲ್ಲ ಎಂದಾದರೆ ಹೈಬರ್ನೇಟ್ ಮಾಡಿ. ವಾರಗಟ್ಟಲೆ ಎತ್ತಿಡುವುದಾದರೆ ಬ್ಯಾಟರಿಯನ್ನು ಶೇ 50ರ ಆಸುಪಾಸಿಗೆ ತಂದು ಶಟ್‌ಡೌನ್ ಮಾಡಿ. ಪೂರ್ತಿ ತುಂಬಿಸಿ ಸೆಕೆಯ ಕೋಣೆಯಲ್ಲಿಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಪೂರ್ತಿ ಖಾಲಿ ಮಾಡಿಟ್ಟರೆ ಮತ್ತೆ ಚಾರ್ಜೇ ಆಗದೆ ಹೋಗಬಹುದು.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಆಫೀಸು, ಕೆಂಗೇರಿಯಲ್ಲಿ ಮನೆ. ಸಂಜೆ ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಿ ಮೆಟ್ರೋ ಹತ್ತುತ್ತೇನೆ. ಒಂದೂವರೆ ಗಂಟೆ ಬಿಟ್ಟು ತೆಗೆದರೆ ಲ್ಯಾಪ್‌ಟಾಪ್ ಕಾವಲಿಯಂತೆ ಕಾದಿರುತ್ತದೆ, ಫ್ಯಾನ್ ಓಡುತ್ತಿರುತ್ತದೆ. ನಿನ್ನೆ ಶೇ 82 ಇದ್ದ ಬ್ಯಾಟರಿ 46ಕ್ಕೆ ಬಂದಿತ್ತು. ಒಂದೂವರೆ ವರ್ಷದ ಯಂತ್ರ. ಏನು ದೋಷ? – ಓದುಗರು, ಬೆಂಗಳೂರು

ಮೊದಲು ನಿಮ್ಮ ಲೆಕ್ಕವನ್ನೇ ನೋಡೋಣ. ಬ್ಯಾಟರಿ 50 ವ್ಯಾಟ್-ಅವರ್ ಎಂದುಕೊಂಡರೆ ಶೇ 36 ಎಂದರೆ 18 ವ್ಯಾಟ್-ಅವರ್. ಅದು ಒಂದೂವರೆ ಗಂಟೆಯಲ್ಲಿ ಹೋಗಿದೆ, ಗಂಟೆಗೆ 12. ಸ್ಲೀಪ್‌ನಲ್ಲಿದ್ದ ಯಂತ್ರ ಒಂದು ವ್ಯಾಟ್ ಮೀರಬಾರದು. 12 ವ್ಯಾಟ್ ಎಂದರೆ ನೀವು ಕೂತು ಕೆಲಸ ಮಾಡುವಾಗಿನ ಖರ್ಚು. ನಿಮ್ಮ ಲ್ಯಾಪ್‌ಟಾಪ್ ಮಲಗಿಯೇ ಇರಲಿಲ್ಲ. ಗಾಳಿಯಾಡದ ಬ್ಯಾಗಿನಲ್ಲಿ ಅಷ್ಟೂ ವಿದ್ಯುತ್ತು ಬಿಸಿಯಾಗಿ ಅಲ್ಲೇ ನಿಂತಿದೆ.

ಕಾರಣ, ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳ ಸ್ಲೀಪ್ ಹಳೆಯ ಸ್ಲೀಪ್ ಅಲ್ಲ. ಹಿಂದೆ ಇದ್ದದ್ದು ಎಸ್3 ಎಂಬ ಸ್ಥಿತಿ: ಪ್ರೊಸೆಸರಿಗೆ ವಿದ್ಯುತ್ ನಿಲ್ಲುತ್ತಿತ್ತು, ರ‍್ಯಾಮ್ ಮಾತ್ರ ಜೀವ ಹಿಡಿದಿರುತ್ತಿತ್ತು. 2015ರಲ್ಲಿ ವಿಂಡೋಸ್ 10 ಜೊತೆ ಬಂದ ಮಾಡರ್ನ್ ಸ್ಟ್ಯಾಂಡ್‌ಬೈಯಲ್ಲಿ ಯಂತ್ರ ಮೊಬೈಲಿನ ಹಾಗೆ ಅರೆನಿದ್ರೆಯಲ್ಲಿರುತ್ತದೆ. ನಡುನಡುವೆ ಎದ್ದು ಮೇಲ್ ತರುತ್ತದೆ, ಅಪ್‌ಡೇಟ್ ನೋಡುತ್ತದೆ, ಮತ್ತೆ ಮಲಗುತ್ತದೆ. ಎಲ್ಲ ಸರಿಯಿದ್ದರೆ ಇದು ಒಳ್ಳೆಯ ಏರ್ಪಾಡೇ. ಆದರೆ ಒಂದು ಡ್ರೈವರ್ (ಯಂತ್ರದ ಬಿಡಿಭಾಗವನ್ನು ನಡೆಸುವ ಪುಟ್ಟ ತಂತ್ರಾಂಶ), ಒಂದು ಯುಎಸ್‌ಬಿ ಸಾಧನ, ಹಿನ್ನೆಲೆಯಲ್ಲಿ ಓಡುವ ಒಂದು ಪ್ರೋಗ್ರಾಂ ಮಲಗಲು ಒಪ್ಪದಿದ್ದರೆ ಇಡೀ ಯಂತ್ರ ಎಚ್ಚರವಾಗಿರುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ಅಡ್ಮಿನ್ ಎಂದಿರುವ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆಯಿರಿ. ಅಲ್ಲಿ ಪವರ್‌ಸಿಎಫ್‌ಜಿ /ಎ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ: ಪವರ್ ಎಂಬ ಪದ, ಅದಕ್ಕೆ ಅಂಟಿದಂತೆ ಸಿ, ಎಫ್, ಜಿ ಅಕ್ಷರಗಳು, ಒಂದು ಖಾಲಿ ಜಾಗ, ಓರೆಗೆರೆ, ಎ. ಬರುವ ಪಟ್ಟಿಯ ಮೇಲ್ಭಾಗದಲ್ಲಿ ನಿಮ್ಮ ಯಂತ್ರಕ್ಕೆ ಲಭ್ಯವಿರುವ ಸ್ಥಿತಿಗಳು, ಕೆಳಭಾಗದಲ್ಲಿ ಇಲ್ಲದವು ಕಾರಣಸಹಿತ ಇರುತ್ತವೆ. ಮೇಲೆ ‘ಎಸ್0 ಲೋ ಪವರ್ ಐಡಲ್’ ಕಂಡರೆ ನಿಮ್ಮದು ಮಾಡರ್ನ್ ಸ್ಟ್ಯಾಂಡ್‌ಬೈ. ಅಂಥ ಬಹುತೇಕ ಯಂತ್ರಗಳಲ್ಲಿ ಎಸ್3 ಕೆಳಗಿನ ಪಟ್ಟಿಯಲ್ಲಿರುತ್ತದೆ. ವಿಂಡೋಸ್‌ನ ಒಳಸೆಟ್ಟಿಂಗ್‌ಗಳ ಕೋಶವಾದ ರಿಜಿಸ್ಟ್ರಿ ತಿದ್ದಿ ಅದನ್ನು ಎಳೆದು ತರುವ ಉಪಾಯಗಳು ಓಡಾಡುತ್ತಿವೆ. ಫರ್ಮ್‌ವೇರ್‌ನಲ್ಲೇ (ಯಂತ್ರದೊಳಗೇ ಇರುವ ಮೂಲ ತಂತ್ರಾಂಶ) ಎಸ್3 ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಹಾಗೆ ಮಾಡಿದರೆ ಸ್ಲೀಪ್ ಆಯ್ಕೆಯೇ ಮಾಯವಾಗಬಹುದು, ಅಥವಾ ಮಲಗಿದ ಯಂತ್ರ ಏಳದಿರಬಹುದು. ಆ ದಾರಿ ಹಿಡಿಯಬೇಡಿ.

ಪರಿಹಾರ ತುಂಬ ಸುಲಭವಾಗಿದೆ. ಮುಚ್ಚಳ ಮುಚ್ಚಿದಾಗ ಸ್ಲೀಪ್ ಆಗುವ ಬದಲು ಹೈಬರ್ನೇಟ್ ಆಗುವಂತೆ ಮಾಡಿ. ವಿಂಡೋಸ್ ಕೀ ಒತ್ತಿ ‘ಲಿಡ್’ ಎಂದು ಟೈಪಿಸಿದರೆ ‘ಚೇಂಜ್ ವಾಟ್ ಕ್ಲೋಸಿಂಗ್ ದ ಲಿಡ್ ಡಸ್’ ಎಂಬುದು ಬರುತ್ತದೆ. ಅದರಲ್ಲಿ ಎರಡು ಸಾಲು: ಆನ್ ಬ್ಯಾಟರಿ, ಪ್ಲಗ್ಡ್ ಇನ್. ಆನ್ ಬ್ಯಾಟರಿ ಕೆಳಗೆ ಹೈಬರ್ನೇಟ್, ಪ್ಲಗ್ಡ್ ಇನ್ ಕೆಳಗೆ ಸ್ಲೀಪ್ ಆರಿಸಿ ಸೇವ್ ಮಾಡಿ. ಇನ್ನು ಮುಂದೆ ಮೇಜಿನ ಮೇಲೆ ಮುಚ್ಚಿದರೆ ಸ್ಲೀಪ್, ಹೊರಡುವಾಗ ಮುಚ್ಚಿದರೆ ಹೈಬರ್ನೇಟ್.

ಇಲ್ಲಿ ಒಂದು ಎಚ್ಚರಿಕೆ. ಚಾರ್ಜರ್ ಕಿತ್ತ ಮೇಲೆ ಮುಚ್ಚಳ ಮುಚ್ಚಿ. ಮೊದಲು ಮುಚ್ಚಿ ಆಮೇಲೆ ಚಾರ್ಜರ್ ಕಿತ್ತರೆ, ಮುಚ್ಚಿದ ಕ್ಷಣದ ‘ಪ್ಲಗ್ಡ್ ಇನ್’ ನಿಯಮದಂತೆ ಅದು ಸ್ಲೀಪ್‌ಗೇ ಹೋಗಿರುತ್ತದೆ, ಹಾಗೇ ಬ್ಯಾಗ್ ಸೇರುತ್ತದೆ. ಮುಚ್ಚಿದ ಮೇಲೆ ಅರ್ಧ ನಿಮಿಷ ಬಿಟ್ಟು ಕೈಯಿಟ್ಟು ನೋಡಿ: ಫ್ಯಾನ್ ನಿಂತಿರಬೇಕು, ಪವರ್ ದೀಪ ಆರಿರಬೇಕು. ಹಳೆಯ ಎಸ್3 ಸ್ಲೀಪ್‌ನಲ್ಲಾದರೆ ಆ ದೀಪ ಉಸಿರಾಡಿದಂತೆ ನಿಧಾನವಾಗಿ ಮಿನುಗುವ ಯಂತ್ರಗಳೇ ಹೆಚ್ಚು. ಹೈಬರ್ನೇಟ್‌ನಲ್ಲಿ ಪೂರ್ತಿ ಕತ್ತಲೆ. ವೈರ್‌ಲೆಸ್ ಮೌಸ್‌ನ ಪುಟ್ಟ ರಿಸೀವರ್ ಸಿಕ್ಕಿಸಿಯೇ ಇಡುವ ಅಭ್ಯಾಸವಿದ್ದರೆ ಅದನ್ನೂ ಕೀಳಿ.

ಅಪರಾಧಿ ಯಾರೆಂದು ಹಿಡಿಯಲೇಬೇಕೆಂದರೆ ಅದೇ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ /ಸ್ಲೀಪ್‌ಸ್ಟಡಿ ಕೊಡಿ. ಕಳೆದ ಮೂರು ದಿನದ ವರದಿ ಎಚ್‌ಟಿಎಂಎಲ್ ಕಡತವಾಗಿ ಸಿಗುತ್ತದೆ, ಬ್ರೌಸರಿನಲ್ಲಿ ತೆರೆಯುತ್ತದೆ. ನೀವು ಮೆಟ್ರೋದಲ್ಲಿದ್ದ ಹೊತ್ತಿನ ಸಾಲನ್ನು ಹುಡುಕಿ ಕ್ಲಿಕ್ ಮಾಡಿದರೆ ‘ಟಾಪ್ ಅಫೆಂಡರ್ಸ್’ ಎಂಬ ಪಟ್ಟಿಯಿರುತ್ತದೆ. ವೈಫೈ, ಬ್ಲೂಟೂತ್, ಆಡಿಯೊ ಅಥವಾ ಗ್ರಾಫಿಕ್ಸ್ ಸಾಧನದ ಹೆಸರು ಅಲ್ಲಿ ಮತ್ತೆ ಮತ್ತೆ ಕಂಡರೆ ಲ್ಯಾಪ್‌ಟಾಪ್ ತಯಾರಕರ ಪುಟದಿಂದ ಅದರ ಹೊಸ ಡ್ರೈವರ್, ಜೊತೆಗೆ ಹೊಸ ಬಯೋಸ್ (ಮೇಲೆ ಹೇಳಿದ ಫರ್ಮ್‌ವೇರ್) ಹಾಕಿ. ಬಯೋಸ್ ಹಾಕುವಾಗ ಚಾರ್ಜರ್ ಸಿಕ್ಕಿಸಿರಲಿ.

ಆಫೀಸಿನ ಯಂತ್ರವಾದರೆ ಐಟಿ ವಿಭಾಗ ಹೈಬರ್ನೇಟನ್ನು ಮುಚ್ಚಿಟ್ಟಿರಬಹುದು. ತೆರೆದುಕೊಡಿ ಎಂದು ಕೇಳಿ. ಕೊಡುವ ತನಕ ಬ್ಯಾಗಿಗೆ ಹಾಕುವ ಮುನ್ನ ಶಟ್‌ಡೌನೇ ಗತಿ. ವಿಮಾನದ ಚೆಕ್-ಇನ್ ಲಗೇಜಿನಲ್ಲಿ ಲ್ಯಾಪ್‌ಟಾಪ್ ಇಡಲೇಬೇಕಾಗಿ ಬಂದರೂ ಪೂರ್ತಿ ಆಫ್ ಆಗಿರಬೇಕು. ಸ್ಲೀಪ್‌ನಲ್ಲಿರುವಂತಿಲ್ಲ ಎಂಬುದು ವಿಮಾನಯಾನದ ಸುರಕ್ಷತಾ ನಿಯಮ.

ಪ್ರಶ್ನೆ: ಪವರ್ ಮೆನುವಿನಲ್ಲಿ ಹೈಬರ್ನೇಟ್ ಎಂಬುದೇ ಇಲ್ಲ. ಅದನ್ನು ಬಳಸಿದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದಂತೆ, ಹೌದೇ? – ಓದುಗರು, ದಾವಣಗೆರೆ

ವಿಂಡೋಸ್ ಅದನ್ನು ಅಡಗಿಸಿಟ್ಟಿರುತ್ತದೆ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಎಡಬದಿಯ ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ಗೆ ಹೋಗಿ. ಕೆಳಗಿನ ಚೌಕಗಳು ಮಸುಕಾಗಿದ್ದರೆ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಎಂದು ಶುರುವಾಗುವ ನೀಲಿ ಸಾಲನ್ನು ಒತ್ತಿ, ಹೈಬರ್ನೇಟ್ ಎದುರು ಗುರುತು ಹಾಕಿ, ಸೇವ್ ಮಾಡಿ. ಅಲ್ಲೂ ಕಾಣದಿದ್ದರೆ ಅಡ್ಮಿನ್ ಟರ್ಮಿನಲ್‌ನಲ್ಲಿ ಪವರ್‌ಸಿಎಫ್‌ಜಿ /ಎಚ್ ಆನ್ ಕೊಟ್ಟು ಮತ್ತೆ ನೋಡಿ. ಮೆನುಗೆ ಬಂದ ಮೇಲೆ ಕೀಬೋರ್ಡಿನಿಂದಲೇ ಮಾಡಬಹುದು: ವಿಂಡೋಸ್ ಕೀ ಜೊತೆ ಎಕ್ಸ್, ಆಮೇಲೆ ಯು, ಆಮೇಲೆ ಎಚ್.

ಸವೆತದ ಭಯ ಬೇಡ. ಹೈಬರ್ನೇಟ್ ಕಡತ ಸಾಮಾನ್ಯವಾಗಿ ರ‍್ಯಾಮ್‌ನ ಶೇ 40ರಷ್ಟಿರುತ್ತದೆ. 16 ಜಿಬಿ ರ‍್ಯಾಮ್ ಇದ್ದರೆ 6.4 ಜಿಬಿ. ಪ್ರತಿ ರಾತ್ರಿ ಅಷ್ಟನ್ನೂ ಬರೆದರೂ ವರ್ಷಕ್ಕೆ 2.3 ಟಿಬಿ. 500 ಜಿಬಿಯ ಒಂದು ಒಳ್ಳೆಯ ಎಸ್‌ಎಸ್‌ಡಿ 300 ಟಿಬಿ ಬರವಣಿಗೆಯವರೆಗೆ ಖಾತರಿ ಹೊಂದಿರುತ್ತದೆ. ಹೈಬರ್ನೇಟ್ ಒಂದೇ ಅದನ್ನು ಮುಗಿಸಲು ನೂರು ವರ್ಷ ಮೀರಬೇಕು. ನಿಜವಾದ ತೊಂದರೆ ಜಾಗದ್ದು: 128 ಜಿಬಿ ಡಿಸ್ಕ್ ಇರುವವರಿಗೆ ಸಿ ಡ್ರೈವ್‌ನಲ್ಲಿ ಆರೇಳು ಜಿಬಿ ಹೋಗುವುದು ಚಿಕ್ಕ ಮಾತಲ್ಲ.

ಪ್ರಶ್ನೆ: ದಿನಾ ರಾತ್ರಿ ತಪ್ಪದೆ ಶಟ್‌ಡೌನ್ ಮಾಡುತ್ತೇನೆ. ಆದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್ ಟೈಮ್ 23 ದಿನ ಎಂದು ತೋರಿಸುತ್ತಿದೆ. ಜೊತೆಗೆ ಉಬುಂಟು ಎಂಬ ಇನ್ನೊಂದು ಓಎಸ್ (ಕಾರ್ಯಾಚರಣಾ ವ್ಯವಸ್ಥೆ) ಕೂಡ ಹಾಕಿಕೊಂಡಿದ್ದೇನೆ, ಅಲ್ಲಿಂದ ಡಿ ಡ್ರೈವ್‌ಗೆ ಏನೂ ಬರೆಯಲಾಗುತ್ತಿಲ್ಲ. – ವಿದ್ಯಾರ್ಥಿ, ಸುರತ್ಕಲ್

ಎರಡಕ್ಕೂ ಕಾರಣ ಒಂದೇ, ಫಾಸ್ಟ್ ಸ್ಟಾರ್ಟಪ್. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ನಿಮ್ಮ ಪ್ರೋಗ್ರಾಂಗಳನ್ನು ಮುಚ್ಚಿ, ವಿಂಡೋಸ್‌ನ ತಿರುಳಾದ ಕರ್ನಲ್ ಮತ್ತು ಡ್ರೈವರ್‌ಗಳನ್ನು ಹೈಬರ್ನೇಟ್ ಮಾಡುವುದು. ಕರ್ನಲ್ 23 ದಿನದಿಂದ ಹೊಸದಾಗಿ ಶುರುವಾಗಿಯೇ ಇಲ್ಲ, ಎಣಿಕೆ ಸರಿಯಾಗಿಯೇ ಇದೆ. ರೀಸ್ಟಾರ್ಟ್ ಮಾತ್ರ ಎಲ್ಲವನ್ನೂ ಬುಡದಿಂದ ಎಬ್ಬಿಸುತ್ತದೆ. ಬ್ಲೂಟೂತ್ ಸಿಗುತ್ತಿಲ್ಲ, ಪ್ರಿಂಟರ್ ಕಾಣುತ್ತಿಲ್ಲ ಎಂದು ಶಟ್‌ಡೌನ್ ಮಾಡಿ ಆನ್ ಮಾಡಿದರೂ ಸರಿಹೋಗದ್ದು ರೀಸ್ಟಾರ್ಟ್‌ಗೆ ಸರಿಹೋಗುವುದು ಇದಕ್ಕೇ.

ಅರೆಮಲಗಿದ ವಿಂಡೋಸ್ ತನ್ನ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತಗಳನ್ನು ಜೋಡಿಸಿಡುವ ಪದ್ಧತಿ) ಡ್ರೈವ್‌ಗಳ ಲೆಕ್ಕವನ್ನು ಇನ್ನೂ ಕೈಯಲ್ಲೇ ಹಿಡಿದಿರುತ್ತದೆ. ಬೇರೆಯವರು ಆಗ ಬರೆದರೆ ಕಡತಗಳು ಕೆಡುತ್ತವೆ. ಅದನ್ನು ಗುರುತಿಸಿ ಉಬುಂಟು ಓದಲು ಮಾತ್ರ ಬಿಡುತ್ತಿದೆ, ಅದು ನಿಮ್ಮ ಒಳ್ಳೆಯದಕ್ಕೇ. ಬರೆಯಲೆಂದು ಡ್ರೈವನ್ನು ಬಲವಂತವಾಗಿ ಮೌಂಟ್ ಮಾಡಬೇಡಿ, ಎಂದರೆ ಉಬುಂಟುಗೆ ಜೋಡಿಸಬೇಡಿ. ಹಿಂದಿನ ಉತ್ತರದಲ್ಲಿ ಹೇಳಿದ ಪುಟದಲ್ಲೇ ‘ಟರ್ನ್ ಆನ್ ಫಾಸ್ಟ್ ಸ್ಟಾರ್ಟಪ್’ ಗುರುತು ತೆಗೆಯಿರಿ. ಒಂದು ಸಲಕ್ಕಷ್ಟೇ ಪೂರ್ತಿ ಶಟ್‌ಡೌನ್ ಬೇಕಿದ್ದರೆ ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಎರಡು ಓಎಸ್ ಇರುವ ಯಂತ್ರದಲ್ಲಿ ವಿಂಡೋಸನ್ನು ಹೈಬರ್ನೇಟ್ ಮಾಡಿ ಉಬುಂಟುಗೆ ಹೋಗುವುದೂ ಇದೇ ಕಾರಣಕ್ಕೆ ಕೂಡದು.

ಪ್ರಶ್ನೆ: ಮಗಳ ಹಳೆಯ ಲ್ಯಾಪ್‌ಟಾಪ್. ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಪಟ್ಟನೆ ಆಫ್. ನಮ್ಮಲ್ಲಿ ದಿನಕ್ಕೆ ಎರಡು ಮೂರು ಸಲ ಕರೆಂಟ್ ಹೋಗುತ್ತದೆ. ಸ್ಲೀಪ್‌ನಲ್ಲಿಟ್ಟು ಊಟಕ್ಕೆ ಹೋದರೂ ಬರೆದದ್ದು ಹೋಗಿರುತ್ತದೆ. – ಓದುಗರು, ಸಿಂಧನೂರು

ಈ ಯಂತ್ರಕ್ಕೆ ಸ್ಲೀಪ್ ಬೇಡವೇ ಬೇಡ. ಕರೆಂಟ್ ಹೋದ ಕ್ಷಣವೇ ರ‍್ಯಾಮ್ ಖಾಲಿಯಾಗುತ್ತದೆ. ಮುಚ್ಚಳ, ಪವರ್ ಬಟನ್ ಎರಡಕ್ಕೂ, ಎರಡೂ ಸಾಲಿನಲ್ಲಿ ಹೈಬರ್ನೇಟ್ ಕೊಡಿ. ತಾನಾಗಿ ಸ್ಲೀಪ್ ಆಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ‘ನೆವರ್’ ಮಾಡಿ. ಹಳೆಯ ಯಂತ್ರದಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ ಹೈಬರ್ನೇಟ್ ಆಗಲು ಅರ್ಧದಿಂದ ಒಂದು ನಿಮಿಷ ಬೇಕಾಗಬಹುದು. ಡಿಸ್ಕ್ ದೀಪ ಮಿನುಗುವುದು ನಿಂತು ಯಂತ್ರ ಆರುವವರೆಗೆ ಪ್ಲಗ್ ಕೀಳಬೇಡಿ, ಎತ್ತಿಕೊಂಡು ಓಡಾಡಲೂ ಬೇಡಿ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಹೈಬರ್ನೇಟ್ ಕೂಡ ಕಾಪಾಡದು. ಕಂಟ್ರೋಲ್-ಎಸ್ ಒತ್ತುವುದನ್ನು ಮಗಳಿಗೆ ರೂಢಿ ಮಾಡಿಸಿ, ವರ್ಡ್‌ನಲ್ಲಿ ಆಟೊರಿಕವರ್ ಅವಧಿಯನ್ನು 10 ನಿಮಿಷದಿಂದ 1ಕ್ಕೆ ಇಳಿಸಿ.

ಇನ್ನೊಂದು ಮುಖ್ಯ ಸಂಗತಿ. ಸತ್ತ ಬ್ಯಾಟರಿ ಊದಿಕೊಳ್ಳಬಹುದು. ಟಚ್‌ಪ್ಯಾಡ್ ಮೇಲೆದ್ದಿದೆಯೇ, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲುಗಾಡುತ್ತದೆಯೇ, ಅಡಿಯ ಕವಚದ ಅಂಚು ಬಿಟ್ಟುಕೊಂಡಿದೆಯೇ ಎಂದು ಇವತ್ತೇ ನೋಡಿ. ಹಾಗಿದ್ದರೆ ಪ್ಲಗ್ ಕಿತ್ತು ಬಳಸುವುದನ್ನು ನಿಲ್ಲಿಸಿ, ರಿಪೇರಿಯವರಿಂದ ಬ್ಯಾಟರಿ ತೆಗೆಸಿ. ಅದನ್ನು ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ.

ಪ್ರಶ್ನೆ: ಮ್ಯಾಕ್‌ಬುಕ್‌ನಲ್ಲಿ ಹೈಬರ್ನೇಟ್ ಎಲ್ಲಿದೆ? – ಓದುಗರು, ಹುಬ್ಬಳ್ಳಿ

ಮೆನುವಿನಲ್ಲಿ ಇಲ್ಲ, ಹುಡುಕುವ ಅಗತ್ಯವೂ ಇಲ್ಲ. ಮ್ಯಾಕ್‌ಬುಕ್ ಸ್ಲೀಪ್‌ಗೆ ಹೋಗುವಾಗ ರ‍್ಯಾಮ್‌ಗೆ ವಿದ್ಯುತ್ ಉಳಿಸಿಕೊಂಡೇ ಅದರಲ್ಲಿರುವುದರ ಒಂದು ನಕಲನ್ನು ಡಿಸ್ಕಿಗೂ ಬರೆಯುವ ಏರ್ಪಾಡು ಹೊಂದಿದೆ. ಬ್ಯಾಟರಿ ಪೂರ್ತಿ ಮುಗಿದರೂ ಆ ನಕಲಿನಿಂದ ಕೆಲಸ ಮರಳಿ ಸಿಗುತ್ತದೆ. ಮುಚ್ಚಳ ಮುಚ್ಚಿ ಬ್ಯಾಗಿಗೆ ಹಾಕಬಹುದು. ತಿಂಗಳುಗಟ್ಟಲೆ ಬಳಸುವುದಿಲ್ಲವಾದರೆ ಮಾತ್ರ ಅರ್ಧ ಚಾರ್ಜ್ ಇಟ್ಟು ಶಟ್‌ಡೌನ್ ಮಾಡಿ, ಆರು ತಿಂಗಳಿಗೊಮ್ಮೆ ಮತ್ತೆ ಅರ್ಧಕ್ಕೆ ತುಂಬಿಸಿ. ಈಚಿನ ಮಾದರಿಗಳು ಶಟ್‌ಡೌನ್ ಆಗಿದ್ದರೂ ಮುಚ್ಚಳ ತೆರೆದರೆ ಅಥವಾ ಚಾರ್ಜರ್ ಸಿಕ್ಕಿಸಿದರೆ ತಾವಾಗಿಯೇ ಆನ್ ಆಗುತ್ತವೆ. ಎತ್ತಿಡುವ ಮುಂಚೆ ಸ್ವಚ್ಛ ಮಾಡಲು ತೆರೆದಿದ್ದರೆ ಇನ್ನೊಮ್ಮೆ ಶಟ್‌ಡೌನ್ ಮಾಡಿಯೇ ಮುಚ್ಚಿ.