ರಕ್ತದಲ್ಲಿ ಕಂಡ ಪ್ರತಿಕಾಯ ರೋಗದಿಂದ ಬಂದದ್ದೋ, ಲಸಿಕೆಯಿಂದ ಬಂದದ್ದೋ?

ಮಂಜೇಶ್ವರದಿಂದ ಮಂಗಳೂರಿಗೆ ನರ್ಸಿಂಗ್ ಕಲಿಯಲು ಹೋಗುವ ತಾವು ಕೇಳಿದ್ದು ಇಷ್ಟು: ಆ್ಯಂಟಿ-ಎಚ್‌ಬಿಎಸ್ ಪರೀಕ್ಷೆಯಲ್ಲಿ (ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಾಣುವಿನ ಹೊರಮೈಯ ವಿರುದ್ಧದ ಪ್ರತಿಕಾಯ ಅಳೆಯುವ ಪರೀಕ್ಷೆ) 186 ಬಂದಿದೆ, ಲಸಿಕೆಯ ಕಾರ್ಡು ಕಳೆದುಹೋಗಿದೆ, ಹತ್ತನೆಯ ವಯಸ್ಸಿನಲ್ಲಿ ಅರಸಿನ ಮುಂಡಿಗೆ (ಕಾಮಾಲೆ) ಆಗಿತ್ತು, ಹಾಗಾದರೆ ಈ ಪ್ರತಿಕಾಯ ಎಲ್ಲಿಂದ ಬಂತು? ಕುಂಬಳೆಯ ಕಡೆ ಹಲವು ವರ್ಷ ರಕ್ತಪರೀಕ್ಷೆ ಮಾಡಿದ ಅನುಭವದಿಂದ ಉತ್ತರಿಸುತ್ತಿದ್ದೇನೆ.

ಆ ಒಂದು ಅಂಕಿಯಿಂದ ಅದನ್ನು ಹೇಳಲಾಗದು. 10 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೆಪಟೈಟಿಸ್ ಬಿ ವಿರುದ್ಧ ರಕ್ಷಣೆ ಇದೆ ಎಂದಷ್ಟೇ ತಿಳಿಯಬೇಕು. ಮೂಲ ತಿಳಿಯಲು ವೈರಾಣುವಿನ ಒಳತಿರುಳಿನ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಆ್ಯಂಟಿ-ಎಚ್‌ಬಿಸಿ ಪರೀಕ್ಷೆ ಬೇಕು. ಲಸಿಕೆಯಲ್ಲಿರುವುದು ವೈರಾಣುವಿನ ಹೊರಮೈಯ ಪ್ರೋಟೀನ್ ಮಾತ್ರ, ಒಳತಿರುಳು ಅದರಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ತಿರುಳಿನ ವಿರುದ್ಧ ಪ್ರತಿಕಾಯ ಹುಟ್ಟಬೇಕಾದರೆ ನಿಜವಾದ ವೈರಾಣುವೇ ಎಂದಾದರೂ ದೇಹವನ್ನು ಹೊಕ್ಕಿರಬೇಕು. ಎರಡೂ ಇದ್ದರೆ ಸೋಂಕು ಬಂದು ವಾಸಿಯಾಗಿದೆ. ಆ್ಯಂಟಿ-ಎಚ್‌ಬಿಎಸ್ ಮಾತ್ರ ಇದ್ದರೆ ಲಸಿಕೆಯ ಫಲ.

ಬಾಲ್ಯದ ಕಾಮಾಲೆಯನ್ನು ಇದಕ್ಕೆ ಜೋಡಿಸಲು ನಾನು ಅವಸರಪಡುವುದಿಲ್ಲ. ನಮ್ಮವರು ಅರಸಿನ ಮುಂಡಿಗೆ ಎಂದರೂ ನೆರೆಯವರು ಮಲಯಾಳದಲ್ಲಿ ಮಂಜಪಿತ್ತ ಎಂದರೂ ಅದು ಕಣ್ಣು ಹಳದಿಯಾಗುವ ಲಕ್ಷಣದ ಹೆಸರೇ ಹೊರತು ವೈರಾಣುವಿನ ಹೆಸರಲ್ಲ. ಮಕ್ಕಳಲ್ಲಿ ಅದು ಹೆಚ್ಚಾಗಿ ಕಲುಷಿತ ನೀರು, ಆಹಾರಗಳಿಂದ ಹರಡುವ ಹೆಪಟೈಟಿಸ್ ಎ; ಅದರ ಪ್ರತಿಕಾಯವೇ ಬೇರೆ, ತಮ್ಮ 186ಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೋವಿಡ್ ಕಾಲದಲ್ಲಿಯೂ ಇದೇ ತರ್ಕ ನಡೆಯಿತು. ಕೋವಿಶೀಲ್ಡ್ ದೇಹಕ್ಕೆ ವೈರಾಣುವಿನ ಹೊರಮೈಯ ಸ್ಪೈಕ್ ಪ್ರೋಟೀನನ್ನು ಮಾತ್ರ ಪರಿಚಯಿಸುತ್ತಿದ್ದುದರಿಂದ, ಒಳಗಿನ ನ್ಯೂಕ್ಲಿಯೋಕ್ಯಾಪ್ಸಿಡ್ ಪ್ರೋಟೀನಿನ ವಿರುದ್ಧ ಪ್ರತಿಕಾಯ ಕಂಡರೆ ಸೋಂಕು ತಗಲಿತ್ತೆಂದು ಹೇಳಬಹುದಿತ್ತು. ನಿಷ್ಕ್ರಿಯಗೊಳಿಸಿದ ಇಡೀ ವೈರಾಣುವಿದ್ದ ಕೋವ್ಯಾಕ್ಸಿನ್ ಪಡೆದವರಲ್ಲಿ ಆ ಉಪಾಯ ಫಲಿಸುತ್ತಿರಲಿಲ್ಲ. ದಡಾರದ ಲಸಿಕೆಯಲ್ಲಿ ಜೀವಂತ ವೈರಾಣುವೇ ಇರುವುದರಿಂದ ಅಲ್ಲಿ ಪ್ರತಿಕಾಯ ನೋಡಿ ಭೇದ ಹೇಳುವಂತೆಯೇ ಇಲ್ಲ.

ಕಾಲೇಜಿನವರು ವೈರಾಣುವಿನ ಹೊರಮೈಯ ಪ್ರೋಟೀನನ್ನೇ ಹುಡುಕುವ ಎಚ್‌ಬಿಎಸ್‌ಎಜಿ ಪರೀಕ್ಷೆಯನ್ನೂ ಕೇಳಬಹುದು. ಅದಕ್ಕೆ ಮೊದಲು ಯಾರಾದರೂ ಮತ್ತೊಂದು ಡೋಸ್ ಹಾಕಿಸಿದರೆ ಕನಿಷ್ಠ ಮೂರು ವಾರ ತಡೆಯಿರಿ, ಏಕೆಂದರೆ ಲಸಿಕೆಯ ಪ್ರೋಟೀನೇ ಕೆಲವು ದಿನ ರಕ್ತದಲ್ಲಿ ಕಾಣಿಸಿಕೊಂಡು ಇಲ್ಲದ ಸೋಂಕನ್ನು ತೋರಿಸಬಹುದು. ಆ್ಯಂಟಿ-ಎಚ್‌ಬಿಸಿ ಮಾಡಿಸುವಾಗ ‘ಟೋಟಲ್’ ಎಂದೇ ಬರೆಯಿಸಿ. ‘ಐಜಿಎಂ’ ಎಂದು ಬರೆದರೆ ಹೊಸ ಸೋಂಕಷ್ಟೇ ತಿಳಿಯುತ್ತದೆ, ಹತ್ತು ವರ್ಷದ ಹಿಂದಿನದು ತಪ್ಪಿಹೋಗುತ್ತದೆ.