ಕ್ಯೂ ಕೆಳಗಿಟ್ಟ ಮೇಲೆ: ಪೂಲ್ ಆಟಗಾರರ ಹವ್ಯಾಸಗಳು, ಓದುಗರ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಪಾಟ್ ಮಾಡುವುದು (ಚೆಂಡನ್ನು ಕುಳಿಗೆ ಬೀಳಿಸುವುದು) ಹೇಗೆ ಎಂದು ಕೇಳಿದವರು ಕಡಿಮೆ. ಜಿಮ್, ಸೈಕಲ್, ಮರಗೆಲಸ, ಹಳೆಯ ಚೆಂಡುಗಳ ಸಂಗ್ರಹ ಎಂದು ಟೇಬಲ್ಲಿನ ಆಚೆಯ ಬದುಕಿನ ಬಗ್ಗೆ ಕೇಳಿದವರೇ ಹೆಚ್ಚು. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವಾರಕ್ಕೆ ನಾಲ್ಕು ದಿನ ಜಿಮ್‌ಗೆ ಹೋಗುತ್ತೇನೆ. ತೋಳು ದಪ್ಪವಾದರೆ ಸ್ಟ್ರೋಕ್ (ಹೊಡೆತ) ಕೆಡುತ್ತದೆ, ಬಿಟ್ಟುಬಿಡು ಎನ್ನುತ್ತಾರೆ ಜೊತೆಗೆ ಆಡುವ ಹಿರಿಯರು. ನಿಜವೇ?

ಉತ್ತರ: ದಪ್ಪ ತೋಳು ಸ್ಟ್ರೋಕ್ ಕೆಡಿಸುವುದಿಲ್ಲ, ದಣಿದ ಮುಂಗೈ ಕೆಡಿಸುತ್ತದೆ. ಡೆಡ್‌ಲಿಫ್ಟ್, ಪುಲ್‌ಅಪ್, ರೋಯಿಂಗ್ ಹೀಗೆ ಕಂಬಿಯನ್ನು ಗಟ್ಟಿಯಾಗಿ ಹಿಡಿಯುವ ಕಸರತ್ತೆಲ್ಲ ಬೆರಳು ಮಡಚುವ ಸ್ನಾಯುಗಳನ್ನು ಹಿಂಡಿಬಿಡುತ್ತದೆ. ಅದರ ನೋವು ಅವತ್ತೇ ಕಾಣಿಸದೆ, ಮರುದಿನದಿಂದ ಮೂರನೆಯ ದಿನದವರೆಗೆ ಏರಿ ನಿಲ್ಲುತ್ತದೆ. ಆ ದಿನಗಳಲ್ಲಿ ಅರ್ಧ ಕೆಜಿ ಚಿಲ್ಲರೆ ತೂಗುವ ಕ್ಯೂ (ಆಟದ ಕೋಲು) ಕೂಡ ಕೈಯಲ್ಲಿ ಸಡಿಲವಾಗಿ ಕೂರುವುದಿಲ್ಲ. ಹಿಂದಕ್ಕೆ ಎಳೆಯುವಾಗ ಸರಿಯಾಗಿಯೇ ಇರುತ್ತದೆ; ಚೆಂಡಿಗೆ ತಾಗುವ ಕ್ಷಣದಲ್ಲಿ ಬೆರಳುಗಳು ತಾವಾಗಿ ಬಿಗಿಯುತ್ತವೆ, ಮಣಿಕಟ್ಟು ಒಂದಿಷ್ಟು ತಿರುಗುತ್ತದೆ, ನೇರ ಶಾಟ್ ಅಂಚಿಗೆ ತಾಗಿ ಹೊರಗೆ ಬರುತ್ತದೆ. ಹಿರಿಯರು ನೋಡಿದ್ದು ಇದನ್ನೇ, ಕಾರಣ ಮಾತ್ರ ಬೇರೆ ಕಟ್ಟಿದ್ದಾರೆ.

ಆದ್ದರಿಂದ ಎಳೆಯುವ ಭಾರದ ಕಸರತ್ತುಗಳನ್ನು ಪಂದ್ಯಕ್ಕೆ ಮೂರು ದಿನ ಮೊದಲೇ ಮುಗಿಸಿ. ನಡುವಿನ ದಿನಗಳಲ್ಲಿ ಕಾಲು, ಹೊಟ್ಟೆ, ಬೆನ್ನಿಗೆ ಕೆಲಸ ಕೊಡಿ. ಹೊಸ ಕಸರತ್ತನ್ನಂತೂ ಪಂದ್ಯದ ವಾರದಲ್ಲಿ ಶುರು ಮಾಡಲೇಬೇಡಿ. ಸ್ನಾಯು ಹೆಚ್ಚು ಸಿಡಿಯುವುದು ಅಭ್ಯಾಸವಿಲ್ಲದ ಚಲನೆಗೇ.

ಇನ್ನೊಂದು ಮಾತು. ಆಟಗಾರರು ತೋಳಿನ ಬಗ್ಗೆ ಚಿಂತಿಸುತ್ತಾರೆ, ನೋವು ತಿನ್ನುವುದು ಸೊಂಟ ಮತ್ತು ಕುತ್ತಿಗೆ. ತೊಡೆಯ ಹಿಂಭಾಗ ಬಿಗಿಯಾಗಿದ್ದವರು ಸೊಂಟದ ಕೀಲಿನಲ್ಲಿ ಬಗ್ಗಲಾರದೆ ಬೆನ್ನನ್ನೇ ಗೂನು ಮಾಡುತ್ತಾರೆ. ಗೂನಾದ ಬೆನ್ನಿನ ಮೇಲಿಂದ ಚೆಂಡು ನೋಡಲು ಕತ್ತನ್ನು ಇನ್ನಷ್ಟು ಮೇಲೆತ್ತಬೇಕು. ಮನೆಯಲ್ಲಿ ಒಂದು ಕೋಲನ್ನು ಬೆನ್ನುದ್ದಕ್ಕೆ ಹಿಡಿದುಕೊಳ್ಳಿ: ತಲೆಯ ಹಿಂಭಾಗ, ಭುಜದೆಲುಬುಗಳ ನಡುವೆ, ಬೆನ್ನಿನ ಬುಡ, ಈ ಮೂರೂ ಕಡೆ ಅದು ತಾಗಿರಬೇಕು. ಮೂರೂ ತಾಗಿರುವಂತೆಯೇ ಮಂಡಿಯನ್ನು ತುಸು ಸಡಿಲಿಸಿ ಸೊಂಟದಿಂದ ಬಗ್ಗಿ. ಕೋಲು ಎಲ್ಲಿ ಬಿಟ್ಟುಕೊಳ್ಳುತ್ತದೋ ಅಲ್ಲಿಗೆ ನಿಮ್ಮ ಮಿತಿ. ದಿನಕ್ಕೆ 10 ಸಲ ಸಾಕು, ಕೆಲವು ವಾರಗಳಲ್ಲಿ ಮಿತಿ ಕೆಳಗಿಳಿಯುತ್ತದೆ. ಕುತ್ತಿಗೆಗೆ, ಗೋಡೆಗೆ ಒರಗಿ ನಿಂತು ಗದ್ದವನ್ನು ಒಳಕ್ಕೆಳೆದು 5 ಸೆಕೆಂಡ್ ಹಿಡಿಯುವುದು, ಅದೂ 10 ಸಲ. 13ನೇ ವಯಸ್ಸಿನಲ್ಲೇ ಬೆನ್ನುಹುರಿ ಡೊಂಕಿನ ತೊಂದರೆ ಪತ್ತೆಯಾಗಿ, ಬೆನ್ನಿಗೆ ಲೋಹದ ಸರಳು ಹಾಕಿಸಿಕೊಂಡ ಜೀನೆಟ್ ಲೀ 1990ರ ದಶಕದಲ್ಲಿ ಮಹಿಳೆಯರ ಪೂಲ್‌ನ ಅಗ್ರಸ್ಥಾನಕ್ಕೇರಿದರು. ಬೆನ್ನು ಸರಿಯಿಲ್ಲ ಎಂದು ಆಟ ಬಿಡುವ ಯೋಚನೆಯಲ್ಲಿ ಬರೆದಿರುವ ಇನ್ನೊಬ್ಬ ಓದುಗರಿಗೆ ಇದು.

ಪ್ರಶ್ನೆ: ಚೆಸ್ ಆಡಿದರೆ ಪೂಲ್ ಸುಧಾರಿಸುತ್ತದೆಯೇ?

ಉತ್ತರ: ಹೆಚ್ಚೇನಿಲ್ಲ. ಮುಂದಿನ ಮೂರು ಚೆಂಡುಗಳನ್ನು ಮೊದಲೇ ಯೋಚಿಸಬೇಕು ಎಂಬ ಶಿಸ್ತು ಬರಬಹುದು. ಆದರೆ ಚೆಸ್‌ನಲ್ಲಿ ಕುದುರೆ ನೀವು ಇಟ್ಟಲ್ಲೇ ಕೂರುತ್ತದೆ. ಕ್ಯೂ ಬಾಲ್ (ಕ್ಯೂನಿಂದ ಹೊಡೆಯುವ ಬಿಳಿ ಚೆಂಡು) ಕೂರುವುದಿಲ್ಲ. ಇಷ್ಟವಿದ್ದರೆ ಆಡಿ, ಲಾಭಕ್ಕಾಗಿ ಬೇಡ.

ಪ್ರಶ್ನೆ: ದೊಡ್ಡ ಆಟಗಾರರು ಟೇಬಲ್ ಬಿಟ್ಟರೆ ಏನು ಮಾಡುತ್ತಾರೆ?

ಉತ್ತರ: ಸ್ನೂಕರ್ ಕಡೆಯ ಉದಾಹರಣೆಗಳು ಚೆನ್ನಾಗಿ ದಾಖಲಾಗಿವೆ. ಆರು ಸಲ ವಿಶ್ವ ಚಾಂಪಿಯನ್ ಆಗಿದ್ದ ಸ್ಟೀವ್ ಡೇವಿಸ್‌ಗೆ ಚೆಸ್ ಹುಚ್ಚೂ ಇತ್ತು, ಪೋಕರ್ ಹುಚ್ಚೂ ಇತ್ತು. ಈಗ ಮಾಡ್ಯುಲರ್ ಸಿಂಥಸೈಜರ್ ಮುಂದೆ ಕೂತು ದಿ ಯುಟೋಪಿಯಾ ಸ್ಟ್ರಾಂಗ್ ಎಂಬ ತಂಡದಲ್ಲಿ ಎಲೆಕ್ಟ್ರಾನಿಕ್ ಸಂಗೀತ ನುಡಿಸುತ್ತಾರೆ. ರೋನಿ ಒ'ಸಲಿವನ್ ಓಟಗಾರ. ಬರೀ ಜಾಗಿಂಗ್ ಎನ್ನುವಂತಿಲ್ಲ, ಸ್ಪರ್ಧೆಗಳಲ್ಲಿ ಓಡುವಷ್ಟು ಗಂಭೀರವಾಗಿ ಓಡಿದವರು. ವಿಶ್ವ ಸ್ನೂಕರ್ ಫೈನಲ್ ಎಂದರೆ ಗರಿಷ್ಠ 35 ಫ್ರೇಮ್, ಎರಡು ದಿನ. ಅಲ್ಲಿ ಕೊನೆಯ ಸಂಜೆಯೂ ಕಾಲು ಗಟ್ಟಿಯಾಗಿ ನಿಲ್ಲುವುದಕ್ಕೆ ಓಟದಂಥ ಹವ್ಯಾಸ ನೇರವಾಗಿಯೇ ಒದಗುತ್ತದೆ. ಸಿಂಥಸೈಜರ್ ಒದಗುವುದಿಲ್ಲ, ಒದಗಬೇಕಾಗಿಯೂ ಇಲ್ಲ.

ಪ್ರಶ್ನೆ: ಮರಗೆಲಸ ನನ್ನ ಹವ್ಯಾಸ, ಮನೆಯಲ್ಲಿ ಸಣ್ಣ ಲೇತ್ ಇದೆ. ನನ್ನ ಕ್ಯೂ ನಾನೇ ಮಾಡಿಕೊಳ್ಳಬೇಕೆಂದು ಎರಡು ಶಾಫ್ಟ್ (ಕ್ಯೂವಿನ ಮುಂಭಾಗ) ಕಡೆದೆ. ಎರಡೂ ಒಂದು ತಿಂಗಳಲ್ಲಿ ಬಾಗಿದವು. ಎಲ್ಲಿ ತಪ್ಪಿದೆ?

ಉತ್ತರ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆಯನ್ನು ಕ್ಯೂ ಬೈಯುವವರ ಮೇಲೆ ಬಳಸುತ್ತೇವೆ, ನಿಮ್ಮ ವಿಷಯದಲ್ಲಿ ನಿಜಕ್ಕೂ ಕ್ಯೂ ಡೊಂಕಾಗಿದೆ. ಬಹುಶಃ ಒಂದೇ ದಿನದಲ್ಲಿ ಚೌಕದಿಂದ ಕೊನೆಯ ಅಳತೆಗೆ ಇಳಿಸಿದ್ದೀರಿ. ಮರದೊಳಗೆ ಬೆಳೆಯುವಾಗಿನ ಮತ್ತು ಒಣಗುವಾಗಿನ ಎಳೆತಗಳು ಒಂದನ್ನೊಂದು ತಡೆದುಕೊಂಡು ಕೂತಿರುತ್ತವೆ. ಹೊರಪದರ ತೆಗೆದಾಗ ಸಮತೋಲ ತಪ್ಪಿ, ಉಳಿದ ಮರ ಹೊಸ ಆಕಾರಕ್ಕೆ ಸರಿಯುತ್ತದೆ. ಅದಕ್ಕೆ ಸಮಯ ಕೊಡಬೇಕು.

ಹಾರ್ಡ್ ಮೇಪಲ್‌ನ 25 ಮಿ.ಮೀ. ಚೌಕ, ಉದ್ದ ಸುಮಾರು 76 ಸೆಂ.ಮೀ. ಆರಿಸಿ. ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಬದಿಗೆ ಹೊರಬೀಳದೆ ಓಡಿರಬೇಕು. ಹೊರಬಿದ್ದಿದ್ದರೆ ಆ ತುಂಡು ಎಷ್ಟೇ ಬೆಳ್ಳಗಿದ್ದರೂ ಬಿಡಿ. ಮೊದಲು ಉರುಟು ಮಾಡಿ ತಿಂಗಳು ಬಿಡಿ. ಆಮೇಲೆ ಪ್ರತಿ ಸಲ ವ್ಯಾಸದಲ್ಲಿ ಒಂದು ಒಂದೂವರೆ ಮಿ.ಮೀ. ಮಾತ್ರ ತೆಗೆಯುತ್ತಾ, ಪ್ರತಿ ಸಲದ ನಂತರ ಕೆಲವು ವಾರ ವಿಶ್ರಾಂತಿ. ಗೋಡೆಗೆ ಒರಗಿಸಬೇಡಿ; ತುದಿಗೆ ಕೊಕ್ಕೆ ಹಾಕಿ ನೇತುಹಾಕಿ. ನಡುವೆ ಎಲ್ಲಾದರೂ ಬಾಗಿದರೆ ಗಾಬರಿ ಬೇಡ, ಇನ್ನೂ ದಪ್ಪವಿರುವಾಗ ಮುಂದಿನ ಕಡೆತ ಅದನ್ನು ನೇರ ಮಾಡುತ್ತದೆ. ಮತ್ತೆ ಮತ್ತೆ ಬಾಗುವ ತುಂಡನ್ನು ಒಲೆಗೆ ಹಾಕಿ. ಕೊನೆಗೆ ಟಿಪ್ (ಚೆಂಡಿಗೆ ತಾಗುವ ಚರ್ಮದ ತುದಿ) ಕಡೆ 13 ಮಿ.ಮೀ., ಜಾಯಿಂಟ್ (ಹಿಡಿಕೆಗೆ ಸೇರುವ ತುದಿ) ಕಡೆ ಸುಮಾರು 21 ಮಿ.ಮೀ. ಉಳಿಯಬೇಕು. ಕೈ ಉಳಿಯಿಂದ ಇದು ಆಗದ ಕೆಲಸ: ಇಷ್ಟು ಸಣಕಲು ಕೋಲು ಲೇತಿನ ನಡುವೆ ಹಗ್ಗದಂತೆ ಅದುರುತ್ತದೆ, ಉಳಿ ಒತ್ತಿದಷ್ಟೂ ಅಂಡಾಕಾರವಾಗುತ್ತದೆ. ಓರೆಯ ಪಟ್ಟಿಯ ಮೇಲೆ ಜಾರುವ ರೂಟರ್ (ತಿರುಗುವ ಅಲಗಿನ ಮರಗೆಲಸದ ಯಂತ್ರ) ಕಟ್ಟಿ, ನಡುವೆ ಆಧಾರ ಕೊಡಿ.

ಇದೆಲ್ಲ ಮುಗಿಯಲು ಅರ್ಧ ವರ್ಷವಾದರೂ ಹಿಡಿಯುತ್ತದೆ. ಅಲ್ಲಿಯವರೆಗೆ ಕೈ ಸುಮ್ಮನಿರದು, ಆದ್ದರಿಂದ ಟಿಪ್ ಬದಲಿಸುವುದನ್ನು ಕಲಿಯಿರಿ. ಶಾಫ್ಟ್‌ಗಿಂತ ಆಟದ ಮೇಲೆ ಇದರ ಪರಿಣಾಮ ಹೆಚ್ಚು ಎಂದೇ ನಮ್ಮ ಅಭಿಪ್ರಾಯ.

ಹಳೆಯ ಟಿಪ್ ಅನ್ನು ಬ್ಲೇಡಿನಿಂದ ಕತ್ತರಿಸಿ, ಫೆರೂಲ್ (ಟಿಪ್‌ನ ಕೆಳಗಿನ ಗಟ್ಟಿ ಬಳೆ) ಮೇಲೆ ಉಳಿದ ಗೋಂದಿನ ಪೊರೆಯನ್ನು ಸಪಾಟು ಗಾಜಿನ ಮೇಲೆ ಹಾಸಿದ 180 ಗ್ರಿಟ್ ಮರಳು ಕಾಗದಕ್ಕೆ ಉಜ್ಜಿ ತೆಗೆಯಿರಿ. ಇಲ್ಲಿ ಕ್ಯೂ ಸ್ವಲ್ಪ ವಾಲಿದರೂ ಮುಖ ಉಬ್ಬುತ್ತದೆ, ಉಬ್ಬಿದ ಮುಖದ ಮೇಲೆ ಟಿಪ್ ನಡುವೆ ಮಾತ್ರ ಅಂಟಿ ನಾಲ್ಕನೇ ಬ್ರೇಕ್ ಶಾಟಿಗೆ (ಆಟ ತೆರೆಯುವ ಜೋರು ಹೊಡೆತಕ್ಕೆ) ಹಾರಿಹೋಗುತ್ತದೆ. ನೇರ ಅಂಚಿನ ಪಟ್ಟಿಯನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ, ಬೆಳಕು ನುಸುಳಬಾರದು. ಹೊಸ ಟಿಪ್‌ನ ಬೆನ್ನನ್ನೂ ಹಾಗೇ ಉಜ್ಜಿ. ಆಮೇಲೆ ಎರಡನ್ನೂ ಬೆರಳಿನಿಂದ ಮುಟ್ಟಬೇಡಿ, ಬೆವರಿನ ಎಣ್ಣೆ ಸಾಕು ಅಂಟು ಬಿಡಿಸಲು. ಸೂಪರ್‌ಗ್ಲೂ ಜೆಲ್ ಆಗಿರಬೇಕು. ನೀರಿನಂಥದ್ದು ಚರ್ಮಕ್ಕೆ ಇಳಿದು ಅದನ್ನು ಗಾಜಿನಷ್ಟು ಗಟ್ಟಿ ಮಾಡುತ್ತದೆ, ಚಾಕ್ ನಿಲ್ಲುವುದಿಲ್ಲ. ಒಂದು ಹನಿ, ತೆಳುವಾಗಿ ಹರಡಿ, ಟಿಪ್ ನಡುವಿಗೆ ಕೂರಿಸಿ, ಕ್ಯೂ ತಲೆಕೆಳಗೆ ಮಾಡಿ ಒಂದು ನಿಮಿಷ ಒತ್ತಿ ಹಿಡಿದು, ರಾತ್ರಿಯೆಲ್ಲ ಬಿಡಿ.

ಬೆಳಿಗ್ಗೆ ಕ್ಯೂವನ್ನು ಮತ್ತೆ ತಲೆಕೆಳಗಾಗಿ ಮರದ ಹಲಗೆಯ ಮೇಲೆ ನಿಲ್ಲಿಸಿ, ಹೊರಚಾಚಿದ ಚರ್ಮವನ್ನು ಹೊಸ ಬ್ಲೇಡಿನಿಂದ ಫೆರೂಲ್ ಕಡೆಯಿಂದ ಹಲಗೆಯ ಕಡೆಗೆ ಸಣ್ಣ ಸಣ್ಣದಾಗಿ ಸವರಿ. ಫೆರೂಲ್‌ಗೆ ಟೇಪ್ ಸುತ್ತಿ 600 ಗ್ರಿಟ್‌ನಿಂದ ಸಮ ಮಾಡಿ. ಕೊನೆಗೆ ಟಿಪ್ ಬದಿಯನ್ನು ಒದ್ದೆ ಬೆರಳಿನಿಂದ ತೇವ ಮಾಡಿ, ಚರ್ಮದ ತುಂಡಿನಿಂದ ಬಿಸಿಯಾಗುವವರೆಗೆ ತಿಕ್ಕಿ. ಬದಿ ಹೊಳೆಯತೊಡಗಿದರೆ ಎಳೆಗಳು ಗಟ್ಟಿಯಾದವು ಎಂದರ್ಥ. ಇದನ್ನು ಬಿಟ್ಟವರ ಟಿಪ್ ವಾರದೊಳಗೆ ಅಣಬೆಯ ಕೊಡೆಯಂತೆ ಅರಳುತ್ತದೆ.

ಒಂದು ಎಚ್ಚರಿಕೆ: ಹಿಡಿಕೆಗೆ ಕೊಕೊಬೊಲೊ, ರೋಸ್‌ವುಡ್ ಬಳಸುವುದಾದರೆ ಕಣ ತಡೆಯುವ ಮಾಸ್ಕ್ ಇಲ್ಲದೆ ಲೇತ್ ಹಾಕಬೇಡಿ. ಆ ಪುಡಿ ಅನೇಕರಿಗೆ ಚರ್ಮದ ಅಲರ್ಜಿ ತರುತ್ತದೆ, ಒಮ್ಮೆ ಶುರುವಾದರೆ ಪುಡಿ ತುಸು ತಾಗಿದರೂ ಮರುಕಳಿಸುತ್ತದೆ.

ಪ್ರಶ್ನೆ: ಹಗಲೆಲ್ಲ ಸೂಕ್ಷ್ಮ ಕಸೂತಿ, ಸಂಜೆ ಪೂಲ್. ಪ್ರೊಗ್ರೆಸಿವ್ ಕನ್ನಡಕ (ಒಂದೇ ಗಾಜಿನಲ್ಲಿ ದೂರಕ್ಕೂ ಹತ್ತಿರಕ್ಕೂ ಪವರ್ ಇರುವುದು) ಬಂದ ಮೇಲೆ ದೂರದ ಚೆಂಡಿನ ಅಂಚು ಹೊಯ್ದಾಡುತ್ತದೆ.

ಉತ್ತರ: ಎರಡು ತೊಂದರೆ ಸೇರಿಕೊಂಡಿವೆ. ಗಂಟೆಗಟ್ಟಲೆ ಒಂದು ಗೇಣಿನ ದೂರದಲ್ಲಿ ದಿಟ್ಟಿಸಿದ ಕಣ್ಣು ಕೂಡಲೇ ಎರಡು ಮೀಟರ್ ದೂರಕ್ಕೆ ಸಡಿಲಗೊಳ್ಳುವುದಿಲ್ಲ. ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗಿರುತ್ತದೆ. ಆಟಕ್ಕೆ ಒಂದು ಗಂಟೆ ಮೊದಲೇ ಸೂಜಿ ಕೆಳಗಿಡಿ. ಹೊಲಿಯುವಾಗಲೂ 20 ನಿಮಿಷಕ್ಕೊಮ್ಮೆ 20 ಸೆಕೆಂಡ್ ಆರು ಮೀಟರ್ ಆಚೆಗೆ ನೋಡಿ.

ಕನ್ನಡಕದ್ದು ಬೇರೆ ಕತೆ. ಕ್ಯೂ ಮೇಲೆ ಗದ್ದ ಇಳಿಸಿದಾಗ ನೀವು ನೋಡುವುದು ಗಾಜಿನ ಮೇಲಂಚಿನ ಮೂಲಕ. ಪ್ರೊಗ್ರೆಸಿವ್ ಗಾಜಿನಲ್ಲಿ ಅಲ್ಲಿರುವುದು ಬಹುದೂರದ ಪವರ್, ಬದಿಗಳಲ್ಲಿ ಮಸುಕು. ಆಟಕ್ಕೆಂದೇ ಒಂದೇ ಪವರ್‌ನ ಜೋಡಿ ಮಾಡಿಸಿ, ಸುಮಾರು ಒಂದೂವರೆ ಮೀಟರ್‌ಗೆ ಹೊಂದುವಂತೆ. ಗಾಜು ದೊಡ್ಡದಿರಲಿ, ಚೌಕಟ್ಟು ಹುಬ್ಬಿಗಿಂತ ಮೇಲೆ ಕೂರಲಿ. ಗಾಜಿನ ಕೇಂದ್ರವನ್ನು ನಿಂತ ಭಂಗಿಯಲ್ಲಿ ಗುರುತಿಸಿಕೊಡುವುದು ಕನ್ನಡಕದಂಗಡಿಯ ವಾಡಿಕೆ. ನೀವು ಮೇಜಿನ ಮೇಲೆ ಬಗ್ಗಿ ತೋರಿಸಿ, ಅದೇ ಭಂಗಿಯಲ್ಲಿ ಗುರುತು ಹಾಕಿಸಿ. ಡೆನಿಸ್ ಟೇಲರ್ 1985ರ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಡೇವಿಸ್‌ರನ್ನು 18–17ರಿಂದ ಸೋಲಿಸಿದಾಗ ಹಾಕಿಕೊಂಡಿದ್ದ, ತಲೆಕೆಳಗಾದಂತೆ ಕಾಣುವ ಭಾರೀ ಕನ್ನಡಕದ ಗುಟ್ಟೂ ಇಷ್ಟೇ. ಕಾಂಟ್ಯಾಕ್ಟ್ ಲೆನ್ಸ್ ಒಗ್ಗಿದರೆ ಈ ಯಾವ ಪೀಕಲಾಟವೂ ಇಲ್ಲ.

ಪ್ರಶ್ನೆ: ಹಳೆಯ ಬಿಲಿಯರ್ಡ್ಸ್ ಚೆಂಡುಗಳನ್ನು ಸಂಗ್ರಹಿಸುತ್ತೇನೆ. ದಂತವೋ ಅಲ್ಲವೋ ಎಂದು ತಿಳಿಯಲು ಕಾಯಿಸಿದ ಸೂಜಿ ಚುಚ್ಚಿ ನೋಡಿ ಎಂದರು. ಸರಿಯೇ?

ಉತ್ತರ: ಖಂಡಿತ ಬೇಡ! ದಂತಕ್ಕೆ ಬದಲಿಯಾಗಿ ಜಾನ್ ವೆಸ್ಲಿ ಹಯಾಟ್ 1869ರ ಹೊತ್ತಿಗೆ ರೂಪಿಸಿದ್ದು ಸೆಲ್ಯುಲಾಯ್ಡ್; ಅದರಲ್ಲಿರುವುದು ನೈಟ್ರೋಸೆಲ್ಯುಲೋಸ್, ಬಿಸಿ ಸೂಜಿ ತಾಗಿದರೆ ಭಗ್ಗೆಂದು ಹೊತ್ತುತ್ತದೆ. ಆ ಚೆಂಡುಗಳು ಜೋರಾಗಿ ಢಿಕ್ಕಿ ಹೊಡೆದಾಗ ಪಟಾಕಿಯಂಥ ಸದ್ದು ಬರುತ್ತಿತ್ತೆಂದೂ, ಅದಕ್ಕೆ ತನ್ನ ಸಲೂನಿನಲ್ಲಿದ್ದವರೆಲ್ಲ ಪಿಸ್ತೂಲು ಎಳೆಯುತ್ತಾರೆಂದು ಒಬ್ಬ ಮಾಲೀಕ ಪತ್ರ ಬರೆದಿದ್ದನೆಂದೂ ಹಯಾಟ್ ತಾನೇ ಮುಂದೆ ಹೇಳಿಕೊಂಡಿದ್ದಾನೆ.

ಬದಲಿಗೆ ಚೆಂಡನ್ನು ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಮೂಸಿ: ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ದಂತವಾದರೆ 10 ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ಸೂಕ್ಷ್ಮ ಗೆರೆಗಳೂ, ಎದುರುಬದುರು ಎರಡು ಕಡೆ ನರ ಹಾದುಹೋದ ಸಣ್ಣ ಚುಕ್ಕೆಯೂ ಕಾಣಬಹುದು. ವರ್ನಿಯರ್‌ನಿಂದ ಬೇರೆ ಬೇರೆ ದಿಕ್ಕಿನಲ್ಲಿ ಅಳೆಯಿರಿ. ದಂತ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ, ಹಳೆಯದು ಗುಂಡಗೆ ಉಳಿದಿರುವುದೇ ಅಪರೂಪ. ಈಗಿನ ಫಿನಾಲಿಕ್ (ಗಟ್ಟಿ ಪ್ಲಾಸ್ಟಿಕ್) ಪೂಲ್ ಚೆಂಡು ಯಾವ ಕಡೆಯಿಂದ ಅಳೆದರೂ 57.15 ಮಿ.ಮೀ. ಸುತ್ತಲೇ ಇರುತ್ತದೆ. ಸೆಲ್ಯುಲಾಯ್ಡನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಡಿ: ಅದು ಹಳಸುತ್ತಾ ಬಿಡುವ ಆಮ್ಲೀಯ ಹಬೆ ಅಲ್ಲೇ ಕೂತು ಅದನ್ನೇ ತಿನ್ನುತ್ತದೆ, ಪಕ್ಕದ ಲೋಹವನ್ನೂ. ಗಾಳಿಯಾಡುವ, ತಂಪಾದ, ಒಣ ಕಪಾಟು, ಉಳಿದವುಗಳಿಂದ ದೂರ. ದಂತದ ಚೆಂಡಾಗಲಿ ದಂತದ ಫೆರೂಲ್ ಇರುವ ಹಳೆಯ ಕ್ಯೂ ಆಗಲಿ, ಪರವಾನಗಿಯಿಲ್ಲದೆ ಗಡಿ ದಾಟಿಸಿದರೆ ಮುಟ್ಟುಗೋಲಾಗಬಹುದು.

ಪ್ರಶ್ನೆ: ಪಂದ್ಯದ ದಿನ ಕೈ ನಡುಕ. ಸ್ನೇಹಿತರೊಬ್ಬರು ಬೀಟಾ ಬ್ಲಾಕರ್ (ಎದೆಬಡಿತ ತಗ್ಗಿಸುವ) ಮಾತ್ರೆ ಸೂಚಿಸಿದರು.

ಉತ್ತರ: ಬಿಲಿಯರ್ಡ್ಸ್ ವರ್ಗದ ಎಲ್ಲ ಆಟಗಳಲ್ಲೂ ಸ್ಪರ್ಧೆಯ ವೇಳೆ ಅದು ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಆಸ್ತಮಾ ಇರುವವರಿಗೆ ಉಸಿರು ಕಟ್ಟಿಸಬಹುದು. ಮೊದಲು ಕಾಫಿ ಲೆಕ್ಕ ಹಾಕಿ: ಕುಡಿದ ಐದು ಗಂಟೆಗಳ ನಂತರವೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ.

ಪ್ರಶ್ನೆ: ಭಾನುವಾರ 60 ಕಿ.ಮೀ. ಸೈಕಲ್ ತುಳಿಯುತ್ತೇನೆ. ಸೋಮವಾರ ಕ್ಯೂ ಹಿಡಿದರೆ ಕಿರುಬೆರಳು, ಉಂಗುರ ಬೆರಳು ಜೋಮು.

ಉತ್ತರ: ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ ಅಲ್ನಾರ್ ನರ ಹಾದುಹೋಗುತ್ತದೆ. ಹ್ಯಾಂಡಲ್‌ಬಾರ್ ಗಂಟೆಗಟ್ಟಲೆ ಒತ್ತುವುದು ಅಲ್ಲೇ. ಜೋಮು ಹಿಡಿದ ಬೆರಳಿಗೆ ಹಿಡಿತದ ಅಂದಾಜು ಸಿಗದೆ ಕ್ಯೂವಿನ ಹಿಂಬದಿ ತಿರುಚಿಕೊಳ್ಳುತ್ತದೆ. ಸೀಟಿನ ಮೂಗು ಕೆಳಗೆ ವಾಲಿದೆಯೇ ಮೊದಲು ನೋಡಿ. ವಾಲಿದ್ದರೆ ಮೈಭಾರ ಮುಂದಕ್ಕೆ ಜಾರಿ ಕೈ ಮೇಲೆ ಬೀಳುತ್ತದೆ, ಅದನ್ನು ಮಟ್ಟ ಮಾಡಿ. ಹ್ಯಾಂಡಲ್ ಒಂದೆರಡು ಸೆಂ.ಮೀ. ಎತ್ತರಿಸಿ, ಮಣಿಕಟ್ಟು ಹಿಂದಕ್ಕೆ ಮುರಿಯದಂತೆ ಹಿಡಿಯಿರಿ, ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ. ಮೆತ್ತೆಯ ಗ್ಲೌಸ್ ಕೊಳ್ಳುವಾಗ ಮೆತ್ತೆ ಅಂಗೈ ನಡುವಿನಲ್ಲಿದ್ದರೆ ಪ್ರಯೋಜನವಿಲ್ಲ, ನರದ ಎರಡೂ ಪಕ್ಕ ಎದ್ದು ನಡುವೆ ಕಾಲುವೆ ಬಿಟ್ಟಿರಬೇಕು. ಇಷ್ಟಾದ ಮೇಲೂ ಜೋಮು ವಾರವಿಡೀ ಉಳಿದರೆ, ಅಥವಾ ಬೆರಳುಗಳನ್ನು ಅಗಲಿಸಿ ಬ್ರಿಡ್ಜ್ (ಕ್ಯೂಗೆ ಕೈಯ ಆಧಾರ) ಕಟ್ಟುವುದೇ ಕಷ್ಟವಾದರೆ, ಸೈಕಲ್ ನಿಲ್ಲಿಸಿ ನರರೋಗ ತಜ್ಞರಿಗೆ ಕೈ ತೋರಿಸಿ.